ಎಚ್ಚರವೆಂಬ ಅರ್ಹತೆ

ನಿದ್ದೆಗೆಟ್ಟು ದುಡಿದವನು ಮುಂದೆ ಬರುತ್ತಾನೆ ಎಂಬ ನಂಬಿಕೆ ನಮ್ಮ ಮಧ್ಯಮವರ್ಗದಲ್ಲಿ ಹಳೆಯದು. ಈಚಿನ ವರ್ಷಗಳಲ್ಲಿ ಅದಕ್ಕೆ ಅಂಕಿಗಳ ಬೆಂಬಲವೂ ದೊರೆತಿದೆ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ಎನ್. ಆರ್. ನಾರಾಯಣಮೂರ್ತಿಯವರು ದೇಶದ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯ ಹೊತ್ತಿಗೆ ಎಲ್ ಅಂಡ್ ಟಿ ಅಧ್ಯಕ್ಷ ಎಸ್. ಎನ್. ಸುಬ್ರಹ್ಮಣ್ಯನ್ ಅವರ ಮಾತಿನಲ್ಲಿ ಅದು 90 ಗಂಟೆಗೆ ಏರಿತ್ತು. ಆ ಮಾತುಗಳ ಸುತ್ತ ಎದ್ದ ವಾದವಿವಾದ ಸಂಬಳ, ಸಂಸಾರ, ಉತ್ಪಾದಕತೆಗಳ ಲೆಕ್ಕಾಚಾರದಲ್ಲೇ ಮುಗಿದುಹೋಯಿತು. ಪರ ವಿರೋಧಗಳೆರಡೂ ಮುಟ್ಟದೆ ಬಿಟ್ಟ ಒಂದು ಗೃಹೀತವಿದೆ: ಎಚ್ಚರವಾಗಿರುವುದು ಮನುಷ್ಯನ ಇಚ್ಛೆಗೆ ಒಳಪಟ್ಟದ್ದು, ಮನಸ್ಸು ಮಾಡಿದವನು ಎಚ್ಚರವಾಗಿರುತ್ತಾನೆ, ತೂಕಡಿಸುವವನು ಮನಸ್ಸು ಮಾಡಿಲ್ಲ ಎಂಬುದು. ಇದು ಶುದ್ಧ ತಪ್ಪು ಎಂಬುದಕ್ಕೆ ನಾರ್ಕೊಲೆಪ್ಸಿ ಎಂಬ ಕಾಯಿಲೆಗಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ಈ ತಪ್ಪಿನ ಮೇಲೆಯೇ ನಮ್ಮ ಶಾಲೆ, ಪರೀಕ್ಷೆ, ಕಚೇರಿಗಳ ವೇಳಾಪಟ್ಟಿ ನಿಂತಿರುವುದರಿಂದ ಆ ಕಾಯಿಲೆಯುಳ್ಳವರ ಬದುಕು ಕಾಯಿಲೆಗಿಂತ ಹೆಚ್ಚಾಗಿ ವೇಳಾಪಟ್ಟಿಯಿಂದ ಹಾಳಾಗುತ್ತಿದೆ.

ನಾರ್ಕೊಲೆಪ್ಸಿ ಎಂದರೆ ನಿದ್ರೆ ಮತ್ತು ಎಚ್ಚರಗಳ ನಡುವಿನ ಗಡಿಯನ್ನು ಕಾಯುವ ಶಕ್ತಿಯನ್ನು ಮಿದುಳು ಕಳೆದುಕೊಳ್ಳುವ ಸ್ಥಿತಿ. 1880ರಲ್ಲಿ ಫ್ರಾನ್ಸಿನ ವೈದ್ಯ ಜೆಲಿನೊ ಇದಕ್ಕೆ ಹೆಸರಿಟ್ಟಾಗ ಅವನ ಮುಂದಿದ್ದ ರೋಗಿ ವೈನ್ ಪೀಪಾಯಿಗಳ ವ್ಯಾಪಾರಿ. ಹಗಲೆಲ್ಲ ಮತ್ತೆ ಮತ್ತೆ ನಿದ್ದೆಗೆ ಜಾರುತ್ತಿದ್ದ ಆ ಮನುಷ್ಯನಿಗೆ ಜೋರಾಗಿ ನಕ್ಕರೆ ಅಥವಾ ಇಸ್ಪೀಟಿನಲ್ಲಿ ಒಳ್ಳೆಯ ಎಲೆ ಬಂದರೆ ಮೈಯ ಬಲವೇ ಉಡುಗಿಹೋಗುತ್ತಿತ್ತು. ಆಮೇಲೆ ಒಂದು ಶತಮಾನಕ್ಕೂ ಮಿಕ್ಕಿ ಇದರ ಕಾರಣ ತಿಳಿಯಲಿಲ್ಲ, ಕಾರಣ ತಿಳಿಯದ ಕಡೆ ಎಂದಿನಂತೆ ರೋಗಿಯ ಸ್ವಭಾವದ ಮೇಲೆ ದೋಷ ಹೊರಿಸಲಾಯಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1970ರ ದಶಕದಿಂದ ಸಂಶೋಧನೆಗಾಗಿ ಸಾಕಿದ ಡಾಬರ್‌ಮನ್ ಮತ್ತು ಲ್ಯಾಬ್ರಡಾರ್ ನಾಯಿಗಳು ರುಚಿಯಾದ ತಿನಿಸು ಕಂಡ ಸಂತೋಷಕ್ಕೇ ಕುಸಿದು ಬೀಳುತ್ತಿದ್ದವು. ನಾಯಿಗೆ ಸೋಮಾರಿತನವನ್ನೋ ಮನೋವಿಕಾರವನ್ನೋ ಆರೋಪಿಸುವುದು ಯಾರಿಗೂ ಸುಲಭವಿರಲಿಲ್ಲ. 1998ರಲ್ಲಿ ಎರಡು ಸಂಶೋಧನ ತಂಡಗಳು ಪ್ರತ್ಯೇಕವಾಗಿ ಮಿದುಳಿನ ಒಂದು ರಾಸಾಯನಿಕವನ್ನು ಪತ್ತೆಹಚ್ಚಿ ಒಂದು ಅದನ್ನು ಓರೆಕ್ಸಿನ್ ಎಂದೂ ಇನ್ನೊಂದು ಹೈಪೊಕ್ರೆಟಿನ್ ಎಂದೂ ಕರೆದವು. ಮರುವರ್ಷ ಆ ನಾಯಿಗಳಲ್ಲಿ ಇದೇ ರಾಸಾಯನಿಕವನ್ನು ಗ್ರಹಿಸುವ ವ್ಯವಸ್ಥೆಯ ಜೀನು ಕೆಟ್ಟಿದೆಯೆಂದು ತಿಳಿಯಿತು. 2000ದಲ್ಲಿ, ಮೃತಪಟ್ಟ ರೋಗಿಗಳ ಮಿದುಳುಗಳಲ್ಲಿ ಓರೆಕ್ಸಿನ್ ತಯಾರಿಸುವ ಜೀವಕೋಶಗಳು ಬಹುಪಾಲು ನಾಶವಾಗಿರುವುದು ಕಂಡುಬಂತು. ಹೈಪೊಥಲಾಮಸ್ ಎಂಬ ಪುಟ್ಟ ಭಾಗದಲ್ಲಿರುವ ಈ ಕೋಶಗಳು ಕೋಟ್ಯಂತರ ನರಕೋಶಗಳ ನಡುವೆ ಹತ್ತಾರು ಸಾವಿರ ಮಾತ್ರ. ಆದರೆ ನಿದ್ರೆ ಎಚ್ಚರಗಳ ನಡುವಿನ ಬಾಗಿಲಿಗೆ ಚಿಲಕ ಇವೇ, ಚಿಲಕ ಕಿತ್ತುಹೋದ ಬಾಗಿಲು ಯಾವ ಗಾಳಿಗಾದರೂ ತೆರೆದು ಮುಚ್ಚುತ್ತದೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ಈ ಕೋಶಗಳನ್ನು ಕೊಲ್ಲುತ್ತದೆ ಎಂಬುದು ಇಂದು ಬಹುಮಟ್ಟಿಗೆ ಒಪ್ಪಿತವಾದ ವಿವರಣೆ. ಸತ್ತ ಕೋಶಗಳು ಮರಳಿ ಹುಟ್ಟುವುದಿಲ್ಲ. ಸಂಕಲ್ಪ ಎಷ್ಟೇ ದೃಢವಾಗಿದ್ದರೂ ಅದಕ್ಕೆ ಓರೆಕ್ಸಿನ್ ತಯಾರಿಸುವ ವಿದ್ಯೆ ಗೊತ್ತಿಲ್ಲ.

ಕನ್ನಡ ನಾಡಿನ ತರಗತಿಗಳಲ್ಲಿ ಇಂಥ ವಿದ್ಯಾರ್ಥಿಗೆ ತಪ್ಪದೆ ಸಿಗುವ ಬಿರುದು ಕುಂಭಕರ್ಣ. ವೈದ್ಯಕೀಯವಾಗಿಯೂ ಕಾವ್ಯದ ದೃಷ್ಟಿಯಿಂದಲೂ ಈ ಬಿರುದು ಸಲ್ಲದ್ದು. ಕುಂಭಕರ್ಣನದು ಆರು ತಿಂಗಳ ಅಖಂಡ ನಿದ್ದೆ. ನಾರ್ಕೊಲೆಪ್ಸಿಯುಳ್ಳವರು ಇಪ್ಪತ್ತನಾಲ್ಕು ಗಂಟೆಗಳಲ್ಲಿ ಮಾಡುವ ಒಟ್ಟು ನಿದ್ದೆ ಉಳಿದವರಿಗಿಂತ ಹೆಚ್ಚೇನೂ ಇರುವುದಿಲ್ಲ, ಅದು ಚೂರುಚೂರಾಗಿ ಹಗಲಿಗೂ ಚೆಲ್ಲಿರುತ್ತದೆ, ರಾತ್ರಿಯೂ ಅವರು ಪದೇ ಪದೇ ಎಚ್ಚರಗೊಳ್ಳುತ್ತಾರೆ. ಇನ್ನು ವಾಲ್ಮೀಕಿಯ ಕುಂಭಕರ್ಣನನ್ನು ಸೋಮಾರಿಯೆಂದು ಯಾರೂ ಜರೆಯುವುದಿಲ್ಲ. ಅವನ ನಿದ್ದೆ ಹೊರಗಿನಿಂದ ಬಂದದ್ದು, ಬ್ರಹ್ಮನ ಮಾತಿನಿಂದ ಬಂದದ್ದು, ಅದು ಸೋಮಾರಿತನವಲ್ಲ ಎಂಬುದು ಲಂಕೆಯವರಿಗೆ ಗೊತ್ತಿದೆ. ಅವನನ್ನು ಎಬ್ಬಿಸಬೇಕಾದಾಗ ರಾಕ್ಷಸರು ಉಪದೇಶ ಮಾಡುವುದಿಲ್ಲ. ಅನ್ನ ಮಾಂಸಗಳ ರಾಶಿ ಹಾಕಿ, ಶಂಖ ಭೇರಿಗಳನ್ನು ಬಾರಿಸಿ, ಆನೆಗಳನ್ನು ಮೈಮೇಲೆ ನಡೆಸಿ ತಮ್ಮಿಂದಾದ ಏರ್ಪಾಡು ಮಾಡುತ್ತಾರೆ. ಎದ್ದು ಬಂದವನು ಅಣ್ಣನಿಗೆ ಹೇಳುವುದಾದರೂ ಏನು? ಮಂತ್ರಾಲೋಚನೆಯಿಲ್ಲದೆ ಮಾಡಿದ ಕೆಲಸದ ಫಲವಿದು ಎಂದು. ವರ್ಷವಿಡೀ ಎಚ್ಚರವಾಗಿದ್ದು ರಾವಣನಿಗೆ ಹಿತವಾದುದನ್ನೇ ಹೇಳುತ್ತಿದ್ದ ಮಂತ್ರಿಗಳಿಗಿಂತ, ನಿದ್ದೆಯಿಂದ ಈಗಷ್ಟೇ ಎದ್ದವನ ವಿವೇಕ ಹರಿತವಾಗಿದೆ. ಎಚ್ಚರದ ಗಂಟೆಗಳನ್ನು ಎಣಿಸಿ ಯೋಗ್ಯತೆಯನ್ನು ಅಳೆಯುವವರು ಈ ಪ್ರಸಂಗವನ್ನು ಒಮ್ಮೆ ಓದಬೇಕು. ತರಗತಿಯಲ್ಲಿ ಹೆಸರಿಟ್ಟು ನಗುವ ಮೇಷ್ಟರೂ ಓದಬಹುದು.

ಹಗಲುನಿದ್ದೆಗಿಂತ ಹೆಚ್ಚು ಅಪಾರ್ಥಕ್ಕೆ ಗುರಿಯಾಗುವುದು ಈ ಕಾಯಿಲೆಯ ಇನ್ನೊಂದು ಮುಖವಾದ ಕ್ಯಾಟಪ್ಲೆಕ್ಸಿ, ಅಂದರೆ ಭಾವನೆ ಉಕ್ಕಿದ ಕ್ಷಣದಲ್ಲಿ ಸ್ನಾಯುಗಳು ಒಮ್ಮೆಲೇ ಬಲ ಕಳೆದುಕೊಳ್ಳುವುದು. ಕನಸು ಬೀಳುವ ಹಂತದ ನಿದ್ರೆಯಲ್ಲಿ, ಕಣ್ಣುಗುಡ್ಡೆ ಮಾತ್ರ ಸರಸರನೆ ಚಲಿಸುವುದರಿಂದ ರೆಮ್ ಎಂದು ಕರೆಯಲ್ಪಡುವ ಆ ಹಂತದಲ್ಲಿ, ಮಿದುಳು ಕೈಕಾಲುಗಳ ಸ್ನಾಯುಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಹಾಗಿಲ್ಲದಿದ್ದರೆ ಕನಸಿನಲ್ಲಿ ಓಡಿದವರು ಹಾಸಿಗೆಯಿಂದಲೂ ಎದ್ದು ಓಡುತ್ತಿದ್ದರು. ಕ್ಯಾಟಪ್ಲೆಕ್ಸಿಯಲ್ಲಿ ಈ ಕಟ್ಟುಪಾಡು ಪೂರ್ಣ ಎಚ್ಚರದ ನಡುವೆ ನುಗ್ಗಿಬರುತ್ತದೆ. ಗೆಳೆಯರ ಗುಂಪಿನಲ್ಲಿ ಯಾರೋ ಒಂದು ಹಾಸ್ಯದ ಮಾತಾಡಿದಾಗ ಮೊದಲು ಕೆಳದವಡೆ ಸಡಿಲವಾಗುತ್ತದೆ, ಮಾತು ತೊದಲುತ್ತದೆ, ತಲೆ ಎದೆಯತ್ತ ಬಾಗುತ್ತದೆ, ಕೈಯಲ್ಲಿದ್ದ ಲೋಟ ಜಾರುತ್ತದೆ, ಮೊಣಕಾಲು ಮಡಚಿ ಮೈ ನೆಲಕ್ಕೆ ಇಳಿಯುತ್ತದೆ. ಕೆಲವು ಸೆಕೆಂಡು, ಹೆಚ್ಚೆಂದರೆ ಒಂದೆರಡು ನಿಮಿಷ. ಅಷ್ಟು ಹೊತ್ತೂ ಬಿದ್ದವರಿಗೆ ಪ್ರಜ್ಞೆ ಇರುತ್ತದೆ. ಮೂರ್ಛೆ ಬಂತೆಂದು ಯಾರೋ ಕೂಗುವುದು, ಇನ್ಯಾರೋ ಅಂಗೈಗೆ ಬೀಗದಕೈ ಗೊಂಚಲು ತುರುಕುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಎಲ್ಲವೂ ಅವರಿಗೆ ಕೇಳುತ್ತದೆ, ತಿಳಿಯುತ್ತದೆ; ಬೇಡವೆಂದು ಹೇಳಲು ನಾಲಿಗೆ ಮಾತ್ರ ಏಳುವುದಿಲ್ಲ. ಹೀಗೆ ಅಪಸ್ಮಾರವೆಂದು ತಪ್ಪಾಗಿ ಗುರುತಿಸಲ್ಪಟ್ಟು ವರ್ಷಗಟ್ಟಲೆ ಫಿಟ್ಸಿನ ಮಾತ್ರೆ ನುಂಗಿದವರಿದ್ದಾರೆ. ನಿದ್ದೆಗೆ ಜಾರುವ ಹೊತ್ತಿನಲ್ಲಿ ಕಾಣುವ ಭ್ರಮೆಗಳಿಂದಾಗಿ ಮನೋರೋಗಿಗಳೆನಿಸಿದವರಿದ್ದಾರೆ. ಎದೆಯ ಮೇಲೆ ಏನೋ ಕೂತಂತೆ ಮೈ ಅಲುಗದೆ ಮಲಗಿದ್ದನ್ನು ಹೇಳಿಕೊಂಡು ತಾಯಿತ ಕಟ್ಟಿಸಿಕೊಂಡವರಿದ್ದಾರೆ. ಪಾಶ್ಚಾತ್ಯ ದೇಶಗಳಲ್ಲಿ ಸುಮಾರು ಎರಡು ಸಾವಿರ ಜನರಲ್ಲಿ ಒಬ್ಬರಿಗಿದೆಯೆಂದು ಅಂದಾಜಿಸಲಾದ, ಸಾಮಾನ್ಯವಾಗಿ ಹದಿಹರೆಯದಲ್ಲಿ ತಲೆದೋರುವ ಈ ಕಾಯಿಲೆಯ ನಿಜವಾದ ಹೆಸರು ಗೊತ್ತಾಗಲು ಅಲ್ಲಿಯೂ ಎಷ್ಟೋ ಜನರಿಗೆ ಹತ್ತು ವರ್ಷ ಹಿಡಿಯುತ್ತದೆ. ಅಷ್ಟರೊಳಗೆ ಅವರು ನಗುವುದನ್ನೇ ಬಿಟ್ಟಿರುತ್ತಾರೆ: ಬಿದ್ದರೆ ಹೇಗೆಂಬ ಅಂಜಿಕೆಯಿಂದ ತಮಾಷೆಯ ಗುಂಪಿನಿಂದ, ಮಕ್ಕಳ ಆಟದಿಂದ, ಮದುವೆಮನೆಯ ಗದ್ದಲದಿಂದ ದೂರ ನಿಂತು, ನೋಡುವವರಿಗೆ ಬಿಗುಮಾನದವರಾಗಿ ಕಾಣುತ್ತಾರೆ.

ಮಧ್ಯಾಹ್ನ ಮುದ್ದೆ ಉಂಡರೆ ಎಲ್ಲರಿಗೂ ನಿದ್ದೆ ಬರುತ್ತದೆ, ಅದನ್ನೂ ಕಾಯಿಲೆ ಎನ್ನಬೇಕೇ ಎಂದು ಕೇಳುವವರಿಗೆ, ಉಂಡು ನಕ್ಕಾಗ ನೀವು ನೆಲಕ್ಕೆ ಬೀಳುತ್ತೀರಾ ಎಂಬ ಮರುಪ್ರಶ್ನೆಯೇ ಸಾಕು.

ಅಧ್ಯಯನದ ವಿಷಯ ಹೆಚ್ಚು ತೊಡಕಿನದು. ನಾರ್ಕೊಲೆಪ್ಸಿಯುಳ್ಳ ವಿದ್ಯಾರ್ಥಿಯ ನೋಟುಪುಸ್ತಕವನ್ನು ತೆರೆದು ನೋಡಿದರೆ ಪುಟದ ಮೇಲ್ಭಾಗದಲ್ಲಿ ಅಕ್ಷರ ದುಂಡಗಿರುತ್ತದೆ, ನಾಲ್ಕಾರು ಸಾಲುಗಳ ಮೇಲೆ ಗೆರೆ ಬಿಟ್ಟು ಇಳಿಯತೊಡಗುತ್ತದೆ, ಆಮೇಲೆ ಪಾಠಕ್ಕೆ ಸಂಬಂಧವೇ ಇಲ್ಲದ ಪದವೊಂದು ನುಸುಳಿ ಕೊನೆಗೆ ಒಂದು ಗೀಚು ಪುಟದ ಅಂಚಿನವರೆಗೂ ಹರಿದುಹೋಗಿರುತ್ತದೆ. ಕಣ್ಣು ತೆರೆದಿದೆ, ಕೈ ಬರೆಯುತ್ತಿದೆ, ಮಿದುಳು ಮಾತ್ರ ಅರೆನಿದ್ದೆಯಲ್ಲಿದೆ. ಇದಕ್ಕೆ ವೈದ್ಯರು ಯಾಂತ್ರಿಕ ವರ್ತನೆ ಎನ್ನುತ್ತಾರೆ. ಇಂಥವರನ್ನು ಮೂರು ಗಂಟೆ ಅಲುಗದೆ ಕೂರಿಸುವ ಪರೀಕ್ಷೆ, ಅದರಲ್ಲೂ 2025ರ ನೀಟ್‌ನಂತೆ ಮಧ್ಯಾಹ್ನ 2ರಿಂದ 5ರವರೆಗೆ ನಡೆಯುವ ಪರೀಕ್ಷೆ, ಅಳೆಯುವುದು ಜೀವಶಾಸ್ತ್ರದ ಜ್ಞಾನವನ್ನೋ ಓರೆಕ್ಸಿನ್ ಪ್ರಮಾಣವನ್ನೋ ಎಂಬುದು ಕೇಳಲೇಬೇಕಾದ ಪ್ರಶ್ನೆ. ಕಾನೂನು ಇಲ್ಲಿ ಪೂರ್ತಿ ಕುರುಡೇನಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ ಪಟ್ಟಿ ಮಾಡಿದ 21 ವೈಕಲ್ಯಗಳಲ್ಲಿ ನಾರ್ಕೊಲೆಪ್ಸಿಯ ಹೆಸರಿಲ್ಲವಾದರೂ, ದೀರ್ಘಕಾಲದ ನ್ಯೂನತೆಯಿಂದ ಸಮಾಜದಲ್ಲಿ ಸಮಾನವಾಗಿ ಪಾಲ್ಗೊಳ್ಳಲಾಗದ ಎಲ್ಲರನ್ನೂ ಒಳಗೊಳ್ಳುವಷ್ಟು ಅದರ ವ್ಯಾಖ್ಯೆ ವಿಶಾಲವಾಗಿದೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರು ಕೇಂದ್ರ ಲೋಕಸೇವಾ ಆಯೋಗದ ವಿರುದ್ಧ ಹೂಡಿದ ದಾವೆಯಲ್ಲಿ 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು, ಶೇ. 40ರಷ್ಟು ವೈಕಲ್ಯದ ಮಿತಿಯನ್ನು ಮುಟ್ಟದವರಿಗೂ ಲಿಪಿಕಾರರ ನೆರವನ್ನು ನಿರಾಕರಿಸುವಂತಿಲ್ಲವೆಂದು ತೀರ್ಪಿತ್ತಿತು. ಅದರ ಫಲವಾಗಿ 2022ರಲ್ಲಿ ಬಂದ ಮಾರ್ಗಸೂಚಿ ಬರೆಯಲು ಕಷ್ಟಪಡುವವರಿಗೆ ಲಿಪಿಕಾರರನ್ನೂ ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ವೇಳೆಯನ್ನೂ ಕೊಟ್ಟಿತು. ನಾರ್ಕೊಲೆಪ್ಸಿಯ ಮಟ್ಟಿಗೆ ಈ ಔದಾರ್ಯ ತಿರುಗುಬಾಣ: ಮೂರು ಗಂಟೆಯ ಕೂರುವಿಕೆ ನಾಲ್ಕು ಗಂಟೆಗೆ ಹಿಗ್ಗುತ್ತದೆ, ನಿದ್ದೆಯ ಒತ್ತಡವೂ ಅದರೊಡನೆ ಏರುತ್ತದೆ. ಅವರಿಗೆ ಬೇಕಾದದ್ದು ನಡುವೆ ಗಡಿಯಾರ ನಿಲ್ಲಿಸಿ ಮೇಲ್ವಿಚಾರಕರ ಕಣ್ಣೆದುರೇ ಹದಿನೈದು ಇಪ್ಪತ್ತು ನಿಮಿಷ ಮಲಗಲು ಅವಕಾಶ. ಈ ಕಾಯಿಲೆಯಲ್ಲಿ ಅಷ್ಟು ಚಿಕ್ಕ ನಿದ್ದೆಯೂ ಮುಂದಿನ ಒಂದೆರಡು ಗಂಟೆಗೆ ತಲೆಯನ್ನು ತಿಳಿಯಾಗಿಸಬಲ್ಲದು.

ಇದಕ್ಕೆ ಬರುವ ಆಕ್ಷೇಪ ತೂಕವುಳ್ಳದ್ದು. ಒಂದು ಅಂಕದ ಅಂತರದಲ್ಲಿ ಸಾವಿರಾರು ಮಂದಿ ನಿಂತಿರುವ ಸ್ಪರ್ಧೆಯಲ್ಲಿ ಒಬ್ಬರಿಗೆ ಕೊಟ್ಟ ಸೌಲಭ್ಯ ಇನ್ನೊಬ್ಬರ ಸೀಟನ್ನು ಕಸಿಯಬಹುದು. ಸುಳ್ಳು ಪ್ರಮಾಣಪತ್ರದ ದಂಧೆ ನಮ್ಮಲ್ಲಿ ಹೊಸದಲ್ಲ. ದಣಿವು, ನಿದ್ದೆಗೇಡು ಎಲ್ಲ ಪರೀಕ್ಷಾರ್ಥಿಗಳ ಪಾಡೂ ಹೌದು. ಇವು ಬಡ ಮನೆಯ ಪ್ರಾಮಾಣಿಕ ವಿದ್ಯಾರ್ಥಿಯೊಬ್ಬಳ ಬಾಯಲ್ಲಿ ಬಂದಾಗ ಉತ್ತರಿಸಲೇಬೇಕಾದ ಮಾತುಗಳು. ಆದರೆ ನಾರ್ಕೊಲೆಪ್ಸಿ ಹೇಳಿಕೆಯನ್ನು ನಂಬಿ ಕೊಡುವ ರೋಗನಿರ್ಣಯವಲ್ಲ. ನಿದ್ರಾ ಪ್ರಯೋಗಾಲಯದಲ್ಲಿ ಒಂದು ರಾತ್ರಿಯ ನಿದ್ದೆಯನ್ನು ದಾಖಲಿಸಿ, ಮರುದಿನ ಎರಡೆರಡು ಗಂಟೆಗೊಮ್ಮೆ ನಾಲ್ಕೈದು ಬಾರಿ ಮಲಗಿಸಿ, ಸರಾಸರಿ ಎಂಟು ನಿಮಿಷದೊಳಗೆ ನಿದ್ದೆ ಹತ್ತುತ್ತದೆಯೇ, ಸಾಮಾನ್ಯವಾಗಿ ಒಂದೂವರೆ ಗಂಟೆಯ ಮೇಲೆ ಬರಬೇಕಾದ ರೆಮ್ ಹಂತ ಹದಿನೈದು ನಿಮಿಷದೊಳಗೆ ಎರಡು ಬಾರಿಯಾದರೂ ಬರುತ್ತದೆಯೇ ಎಂದು ಮಿದುಳಿನ ಅಲೆಗಳಲ್ಲಿ ನೋಡಲಾಗುತ್ತದೆ. ನಿದ್ದೆಗೆಟ್ಟು ಬಂದವರು ಬೇಗ ಮಲಗಿಯಾರು, ಆದರೆ ಈ ಎರಡನ್ನೂ ಒಟ್ಟಿಗೆ ನಟಿಸಿ ತೋರಿಸುವುದು ಸುಲಭವಲ್ಲ. ತೊಂದರೆ ಇರುವುದು ಬೇರೆಡೆ: ಇಂಥ ಪ್ರಯೋಗಾಲಯ ಬೆಂಗಳೂರಿನ ನಿಮ್ಹಾನ್ಸ್‌ನಂಥ ದೊಡ್ಡ ಸಂಸ್ಥೆಗಳಲ್ಲಿ ಇರುತ್ತದೆಯೇ ಹೊರತು ತಾಲ್ಲೂಕು ಆಸ್ಪತ್ರೆಯಲ್ಲಿ ಅಲ್ಲ. ಆದ್ದರಿಂದ ಸುಳ್ಳು ರೋಗಿಗಳು ಸೌಲಭ್ಯ ಪಡೆಯುವುದಕ್ಕಿಂತ ನಿಜವಾದ ರೋಗಿಗಳು ಪ್ರಮಾಣಪತ್ರವೇ ಇಲ್ಲದೆ ಫೇಲಾಗುವ ಸಂಭವ ಹೆಚ್ಚು.

ಉದ್ಯೋಗದ ವಿಷಯದಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ನಾರ್ಕೊಲೆಪ್ಸಿಯುಳ್ಳವರು ಉಳಿದವರ ಸಾಮಾನ್ಯ ದಿನವನ್ನು ಹೇಗೋ ಮುಟ್ಟಲು ನುಂಗುವ ಮೊಡಾಫಿನಿಲ್ ಮಾತ್ರೆಯನ್ನೇ, ಆರೋಗ್ಯವಂತರು ಇನ್ನಷ್ಟು ಹೊತ್ತು ಎಚ್ಚರವಿರಲು ಜಗತ್ತಿನ ಹಲವೆಡೆ ಬುದ್ಧಿವರ್ಧಕವೆಂದು ಕದ್ದು ಮುಚ್ಚಿ ನುಂಗುತ್ತಾರೆ. ಸಂಕಲ್ಪಬಲವನ್ನು ಕೊಂಡಾಡುವ ಸಂಸ್ಕೃತಿಗೆ ಗುಳಿಗೆಯ ನೆರವು ಬೇಕಾಗಿರುವಾಗ, ಎಚ್ಚರ ರಾಸಾಯನಿಕವೆಂದು ಒಪ್ಪಲು ಏಕೆ ಸಂಕೋಚವೋ ತಿಳಿಯದು. ಮಾತ್ರೆಯಿಂದ ಎಲ್ಲವೂ ಸರಿಹೋಗುವುದಿಲ್ಲ. ಊಟದ ಬಿಡುವಿನಲ್ಲಿ ಬಾಗಿಲು ಮುಚ್ಚಬಹುದಾದ ಒಂದು ಕೋಣೆ, ವಾರವಾರ ಬದಲಾಗದ ಪಾಳಿ, ನಿಂತು ಓಡಾಡಿ ಮಾಡುವ ಕೆಲಸ, ಇವು ಔಷಧದಷ್ಟೇ ಮುಖ್ಯ. ಬೆಂಗಳೂರಿನ ಕಾಲ್‌ಸೆಂಟರುಗಳ ತಿರುಗುಪಾಳಿಯಂತೂ ಆರೋಗ್ಯವಂತರ ನಿದ್ದೆಯನ್ನೇ ಕೆಡಿಸುವಂಥದ್ದು. ಒಂದು ಖಾಲಿ ಕೋಣೆ, ಇಪ್ಪತ್ತು ನಿಮಿಷ. ಸಿಗರೇಟಿಗೆಂದು ದಿನಕ್ಕೆ ನಾಲ್ಕು ಸಲ ಕೆಳಗಿಳಿಯುವವರನ್ನು ಯಾವ ಮ್ಯಾನೇಜರೂ ಇಷ್ಟು ಲೆಕ್ಕ ಕೇಳುವುದಿಲ್ಲ.

ಸುರಕ್ಷತೆಯ ವಾದವನ್ನು ಮಾತ್ರ ಹೀಗೆ ತಳ್ಳಿಹಾಕಲಾಗದು. ಬಸ್ಸಿನ ಚಾಲಕ, ಕ್ರೇನ್ ನಡೆಸುವವರು, ಕುದಿಯುವ ಕೊಪ್ಪರಿಗೆಯ ಪಕ್ಕ ನಿಲ್ಲುವವರು ಒಂದು ಕ್ಷಣ ಕುಸಿದರೂ ಇತರರ ಪ್ರಾಣ ಹೋದೀತು. ಚಿಕಿತ್ಸೆಯಿಂದ ಹತೋಟಿಗೆ ಬಾರದ ಕಾಯಿಲೆಯುಳ್ಳವರನ್ನು ಅಂಥ ಕೆಲಸದಿಂದ ದೂರವಿಡುವುದು ಅನ್ಯಾಯವೆನಿಸದು. ಬ್ರಿಟನ್ನಿನಲ್ಲಿ ಈ ಕಾಯಿಲೆಯನ್ನು ಪರವಾನಗಿ ಪ್ರಾಧಿಕಾರಕ್ಕೆ ತಿಳಿಸುವುದು ಕಡ್ಡಾಯ, ಲಕ್ಷಣಗಳು ಹತೋಟಿಗೆ ಬಂದರೆ ಮತ್ತೆ ವಾಹನ ನಡೆಸುವ ಅವಕಾಶವೂ ಉಂಟು. ನಮ್ಮ ಚಾಲನಾ ಪರವಾನಗಿಯ ಅರ್ಜಿಯೊಡನೆ ಕೊಡುವ ಸ್ವಯಂಘೋಷಣೆ ಅಪಸ್ಮಾರ, ಹಠಾತ್ ಪ್ರಜ್ಞೆ ತಪ್ಪುವಿಕೆ, ತಲೆಸುತ್ತುಗಳ ಬಗ್ಗೆ ಕೇಳುತ್ತದೆ. ಕ್ಯಾಟಪ್ಲೆಕ್ಸಿಯಲ್ಲಿ ಪ್ರಜ್ಞೆ ತಪ್ಪುವುದಿಲ್ಲವಾದ್ದರಿಂದ ಇಲ್ಲವೆಂದು ಬರೆದವರು ಅಕ್ಷರಶಃ ಸುಳ್ಳು ಹೇಳಿದಂತಾಗುವುದಿಲ್ಲ. ಹೇಳಿಕೊಂಡರೆ ಪರವಾನಗಿ, ನೌಕರಿ, ಕೂಡಿಬಂದ ಸಂಬಂಧ ಎಲ್ಲವೂ ಒಟ್ಟಿಗೆ ಕೈತಪ್ಪುವಾಗ ಯಾರೂ ಹೇಳಿಕೊಳ್ಳುವುದಿಲ್ಲ; ಮುಚ್ಚಿಟ್ಟವರು ಮಾತ್ರೆಯನ್ನೂ ಕದ್ದು ನುಂಗುತ್ತಾರೆ, ನಿದ್ದೆಯನ್ನು ಶೌಚಾಲಯದಲ್ಲಿ ಮಾಡುತ್ತಾರೆ, ಸಂಜೆ ಏಳಕ್ಕೆ ಸ್ಕೂಟರ್ ಹತ್ತಿ ರಿಂಗ್ ರೋಡಿಗೆ ಇಳಿಯುತ್ತಾರೆ. ಅಪಾಯಕ್ಕೆ ನಿಜವಾಗಿ ಅಂಜುವ ಉದ್ಯೋಗದಾತರು ಮೊದಲು ಮಾಡಬೇಕಾದ ಕೆಲಸ, ಕಾಯಿಲೆಯನ್ನು ತಿಳಿಸಿದವರನ್ನು ಯಂತ್ರದ ಬಳಿಯಿಂದ ಬೇರೆ ಮೇಜಿಗೆ ವರ್ಗಾಯಿಸಲಾಗುವುದು, ಮನೆಗೆ ಕಳಿಸಲಾಗುವುದಿಲ್ಲ ಎಂದು ಬರವಣಿಗೆಯಲ್ಲಿ ಕೊಡುವುದು.