ನಾರುಹುಳುವಿನ ಕೊನೆಯ ಅಡಗುತಾಣ

ವಿಜಯಪುರ, ರಾಯಚೂರು, ಕಲಬುರಗಿ ಕಡೆಯ ಹಳ್ಳಿಗಳ ಹಿರಿಯರ ಮುಂದೆ ‘ನಾರುಹುಣ್ಣು’ ಎಂಬ ಮಾತು ತೆಗೆದರೆ ಸಾಕು, ಅವರಿಗೆ ಅರಿವಿಲ್ಲದೆಯೇ ಕೈ ಕಾಲಿನ ಮೀನಖಂಡದತ್ತ ಹೋಗುವುದುಂಟು. ಮೊದಲು ಅಲ್ಲೊಂದು ಬೊಬ್ಬೆ ಏಳುತ್ತಿತ್ತು. ಕೆಂಡ ಇಟ್ಟಂಥ ಉರಿ. ಬೊಬ್ಬೆ ಒಡೆದರೆ ಒಳಗಿನಿಂದ ಬಿಳಿಯ ನೂಲಿನಂಥದೊಂದು ಇಣುಕುತ್ತಿತ್ತು. ಅದು ನೂಲೂ ಅಲ್ಲ, ನಾರೂ ಅಲ್ಲ. ಜೀವಂತ ಹುಳು! ಅದನ್ನು ಸಣ್ಣ ಕಡ್ಡಿಗೆ ಸುತ್ತಿ, ದಿನಕ್ಕೆ ಒಂದೆರಡು ಅಂಗುಲದಂತೆ ಹೊರಗೆ ಎಳೆಯಬೇಕು. ಪೂರ್ತಿ ಹೊರಬರಲು ವಾರಗಳೇ ಹಿಡಿಯುತ್ತವೆ. ಅವಸರಪಟ್ಟು ಎಳೆದರೆ ಹುಳು ತುಂಡಾಗಿ ಒಳಗೇ ಉಳಿದು, ಕಾಲೆಲ್ಲ ಊದಿಕೊಂಡು ಕೀವು ತುಂಬುತ್ತದೆ.

ಈ ರೋಗದಿಂದ ಸತ್ತವರು ಕಡಿಮೆ. ಆದರೆ ಹಾಸಿಗೆ ಹಿಡಿದವರಿಗೆ ಲೆಕ್ಕವಿರಲಿಲ್ಲ. ಅನೇಕ ಕಡೆ ಹುಳು ಹೊರಬೀಳುವ ಕಾಲವೂ ಹೊಲದ ಕೆಲಸದ ಕಾಲವೂ ಒಂದೇ ಆಗಿಬಿಡುತ್ತಿತ್ತು. ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಡೋಗೋನ್ ಜನ ಇದಕ್ಕೆ ‘ಬರಿದಾದ ಕಣಜದ ರೋಗ’ ಎಂದು ಹೆಸರಿಟ್ಟಿದ್ದಾರೆ. ಬಿತ್ತುವವನ ಕಾಲೇ ಏಳದಿದ್ದರೆ ಕಣಜ ತುಂಬುವುದಾದರೂ ಹೇಗೆ?

1984ರಲ್ಲಿ ಭಾರತದಲ್ಲಿ ಸುಮಾರು 40,000 ಮಂದಿ ಈ ಹುಳುವಿನಿಂದ ನರಳುತ್ತಿದ್ದರು. ಕರ್ನಾಟಕವೂ ಪೀಡಿತ ರಾಜ್ಯಗಳಲ್ಲಿ ಒಂದಾಗಿತ್ತು. 1996ರ ಜುಲೈಯಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡದ್ದೇ ದೇಶದ ಕೊನೆಯ ಪ್ರಕರಣ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಳು ಮುಕ್ತ ದೇಶವೆಂದು ಸಾರಿತು. ಗಮನಿಸಬೇಕಾದ ಸಂಗತಿಯೆಂದರೆ, ಇದಕ್ಕೆ ಲಸಿಕೆಯೂ ಇರಲಿಲ್ಲ, ಔಷಧಿಯೂ ಇರಲಿಲ್ಲ. ಇಂದಿಗೂ ಇಲ್ಲ!

ಔಷಧಿಯಿಲ್ಲದೆ ರೋಗವೊಂದನ್ನು ಓಡಿಸಲು ಹೇಗೆ ಸಾಧ್ಯವಾಯಿತು? ಉತ್ತರ ಹುಳುವಿನ ಬಾಳಿನ ಕತೆಯಲ್ಲೇ ಇದೆ.

ಹುಳುವಿನ ಜಾತಕ

ಇದರ ವೈಜ್ಞಾನಿಕ ಹೆಸರು ಡ್ರಾಕನ್‌ಕ್ಯುಲಸ್ ಮೆಡಿನೆನ್ಸಿಸ್. ಎಂದರೆ ‘ಮದೀನಾದ ಪುಟ್ಟ ಡ್ರ್ಯಾಗನ್’. ಇಂಗ್ಲಿಷಿನವರು ಆಫ್ರಿಕಾದ ಗಿನಿ ಕರಾವಳಿಯ ಹೆಸರು ಹಿಡಿದು ಇದನ್ನು ಗಿನಿ ಹುಳು ಎಂದರು. ಹೆಣ್ಣುಹುಳು ಮೂರಡಿಯವರೆಗೂ ಬೆಳೆಯುತ್ತದೆ. ದಪ್ಪ ಮಾತ್ರ ಒಂದೆರಡು ಮಿಲಿಮೀಟರ್. ಗಂಡು ಕೆಲವೇ ಸೆಂಟಿಮೀಟರ್ ಉದ್ದವಿದ್ದು, ಹೆಣ್ಣಿನೊಡನೆ ಕೂಡಿದ ಬಳಿಕ ದೇಹದೊಳಗೇ ಸತ್ತುಹೋಗುತ್ತದೆ.

ಬಸುರಿ ಹೆಣ್ಣುಹುಳು ಚರ್ಮದ ಕೆಳಗೆ ಸರಿಯುತ್ತ ಸಾಮಾನ್ಯವಾಗಿ ಕಾಲಿನತ್ತ ಬರುತ್ತದೆ. ಅಲ್ಲಿ ಬೊಬ್ಬೆ ಎಬ್ಬಿಸುತ್ತದೆ. ಉರಿ ತಾಳಲಾರದೆ ರೋಗಿ ಕೆರೆಗೋ ಬಾವಿಗೋ ಇಳಿದು ಕಾಲನ್ನು ನೀರಿನಲ್ಲಿ ಮುಳುಗಿಸುತ್ತಾನೆ. ಹುಳು ಕಾಯುತ್ತಿದ್ದುದು ಇದಕ್ಕೇ! ನೀರು ತಗುಲಿದ ಕೂಡಲೇ ಅದು ಲಕ್ಷಗಟ್ಟಲೆ ಮರಿಗಳನ್ನು ಹೊರಚೆಲ್ಲುತ್ತದೆ.

ನೀರಿಗೆ ಬಿದ್ದ ಮರಿಗಳ ಆಯುಸ್ಸು ಕೆಲವೇ ದಿನ. ಅಷ್ಟರೊಳಗೆ ಅವು ಸೈಕ್ಲಾಪ್ಸ್ ಎಂಬ ಜೀವಿಯ ಹೊಟ್ಟೆ ಸೇರಬೇಕು. ಸೈಕ್ಲಾಪ್ಸ್ ಸೀಗಡಿಯ ದೂರದ ನೆಂಟ. ಬರಿಗಣ್ಣಿಗೆ ಸಾಸಿವೆಗಿಂತಲೂ ಸಣ್ಣ ಚುಕ್ಕಿಯಂತೆ ಕಾಣುತ್ತದೆ. ನಿಂತ ನೀರಿನಲ್ಲಿ ಕುಪ್ಪಳಿಸಿದಂತೆ ಈಜುತ್ತದೆ. ಅದರೊಳಗೆ ಎರಡು ವಾರ ಕಳೆದ ಮರಿಹುಳು ಎರಡು ಸಲ ಪೊರೆ ಕಳಚಿ, ಮನುಷ್ಯನ ದೇಹ ಹೊಗಲು ಸಿದ್ಧವಾಗುತ್ತದೆ. ಸೋಸದ ನೀರು ಕುಡಿದವನ ಹೊಟ್ಟೆಯಲ್ಲಿ ಸೈಕ್ಲಾಪ್ಸ್ ಜೀರ್ಣವಾಗುತ್ತದೆ, ಮರಿಹುಳು ಮಾತ್ರ ಪಾರಾಗಿ ಕರುಳಿನ ಗೋಡೆಯನ್ನು ತೂರಿ ಒಳಸೇರುತ್ತದೆ. ಸುಮಾರು ಒಂದು ವರ್ಷದ ಬಳಿಕ ಮತ್ತೆ ಕಾಲಿನ ಮೇಲೆ ಬೊಬ್ಬೆ!

ಈ ಚಕ್ರವನ್ನು ಬಿಡಿಸಿದ ಮೊದಲಿಗ ರಷ್ಯದ ತರುಣ ವಿಜ್ಞಾನಿ ಅಲೆಕ್ಸಿ ಫೆಡ್ಚೆಂಕೊ. 1870ರಲ್ಲಿ ತುರ್ಕಿಸ್ತಾನದಲ್ಲಿ ಕೆಲಸ ಮಾಡುತ್ತಿದ್ದಾಗ, ಹುಳುವಿನ ಮರಿಗಳು ಸೈಕ್ಲಾಪ್ಸ್‌ನ ಒಳಹೊಕ್ಕು ಬೆಳೆಯುವುದನ್ನು ಆತ ಸೂಕ್ಷ್ಮದರ್ಶಕದಲ್ಲಿ ಕಂಡ. ಮೂರೇ ವರ್ಷಗಳಲ್ಲಿ, ಆಲ್ಪ್ಸ್ ಪರ್ವತ ಏರುವಾಗ ಆತ ತೀರಿಕೊಂಡ. ಮುಂದಿನ ಹೆಜ್ಜೆ ಬ್ರಿಟನ್ನಿನ ರಾಬರ್ಟ್ ಲೀಪರ್‌ನದು. ಹೊಟ್ಟೆಯಲ್ಲಿರುವಂಥ ಸೌಮ್ಯ ಆಮ್ಲದಲ್ಲಿ ಸೈಕ್ಲಾಪ್ಸ್ ಸಾಯುತ್ತದೆ, ಮರಿಹುಳು ಚುರುಕಾಗಿ ಹೊರಬರುತ್ತದೆ ಎಂಬುದನ್ನು ಆತ ತೋರಿಸಿದ. ಸೋಂಕಿನ ಸೈಕ್ಲಾಪ್ಸ್‌ಗಳನ್ನು ಬಾಳೆಹಣ್ಣಿನಲ್ಲಿಟ್ಟು ತಿನ್ನಿಸಿದ ಕೋತಿಯೊಂದರ ದೇಹದಲ್ಲಿ ಆರು ತಿಂಗಳ ಬಳಿಕ ಹುಳುಗಳೂ ಸಿಕ್ಕವು.

ಚಿತ್ರದುರ್ಗದ ಬಾವಿಗಳಲ್ಲಿ

ಕತೆಯ ಮುಂದಿನ ಅಧ್ಯಾಯ ನಡೆದದ್ದು ಹಳೆಯ ಮೈಸೂರು ಸಂಸ್ಥಾನದಲ್ಲಿ. 1930ರ ದಶಕದಲ್ಲಿ ವಿ. ಎನ್. ಮೂರ್ತಿ ಎಂಬ ಸಂಶೋಧಕರು ಚಿತ್ರದುರ್ಗ ಜಿಲ್ಲೆಯಲ್ಲಿ ನಾರುಹುಳುವಿನ ಬೆನ್ನು ಹತ್ತಿದರು. ರಾಕ್‌ಫೆಲರ್ ಪ್ರತಿಷ್ಠಾನದ ಡಬ್ಲ್ಯು. ಸಿ. ಸ್ವೀಟ್ ಅವರ ಜೊತೆಗಾರ. ಆ ಬರಗಾಲದ ಸೀಮೆಯಲ್ಲಿ ಜನ ಮೆಟ್ಟಿಲು ಇಳಿದು ನೀರು ತುಂಬುವ ಬಾವಿಗಳು ಬಹಳ. ನೀರು ತರಲು ಇಳಿದವರ ಕಾಲು ನೀರಿಗೆ ತಾಗಲೇಬೇಕು. ರೋಗಿಯ ಕಾಲಿನ ಹುಳು, ಬಾವಿಯ ಸೈಕ್ಲಾಪ್ಸ್, ಕೊಡದ ನೀರು, ಮೂರೂ ಒಂದೇ ಕಡೆ ಕೂಡುತ್ತಿದ್ದವು.

ಇದಕ್ಕೆ ಮೂರ್ತಿ ಮತ್ತು ಸ್ವೀಟ್ ಸೂಚಿಸಿದ ಮದ್ದು ಬಹಳ ಸರಳ. ಬಾರ್ಬಸ್ ಕುಲದ ಪುಟ್ಟ ಮೀನುಗಳಿಗೆ ಸೈಕ್ಲಾಪ್ಸ್ ಎಂದರೆ ಪ್ರಿಯ ಆಹಾರ. ಅಂಥ ಮೀನುಗಳನ್ನು ಬಾವಿಗೆ ಬಿಟ್ಟರೆ ಸೈಕ್ಲಾಪ್ಸ್ ಕಡಿಮೆಯಾಗುತ್ತವೆ, ಹುಳುವಿನ ಸರಪಳಿ ಕಡಿಯುತ್ತದೆ. 1936ರಲ್ಲಿ ಅವರು ಈ ‘ಜೈವಿಕ ವಿಧಾನ’ವನ್ನು ಪ್ರಕಟಿಸಿದರು.

ಮೂರ್ತಿಯವರು ಮೀನಿನ ಹೊಟ್ಟೆಯೊಳಗೂ ಇಣುಕಿದರು. ಕೊರವ ಜಾತಿಯ ಚಿಕ್ಕ ಮೀನೊಂದರಲ್ಲಿ ಅವರಿಗೆ ಬೇರೊಂದು ಹೊಸ ಹುಳು ಸಿಕ್ಕಿತು. ಅದಕ್ಕೆ ತಮ್ಮ ಜೊತೆಗಾರನ ನೆನಪಿಗಾಗಿ ಕೆಮಲ್ಲಾನಸ್ ಸ್ವೀಟಿ ಎಂದು ಹೆಸರಿಟ್ಟರು. ಅದರ ಮರಿಯ ಬಾಲ್ಯವೂ ಸೈಕ್ಲಾಪ್ಸ್‌ನೊಳಗೇ! ಎಂದರೆ ಬಾವಿಯ ಸೈಕ್ಲಾಪ್ಸ್‌ನಲ್ಲಿ ಮರಿಹುಳು ಕಂಡ ಮಾತ್ರಕ್ಕೆ ಅದು ಮನುಷ್ಯನನ್ನು ಕಾಡುವ ಹುಳುವೇ ಎಂದು ಹೇಳುವಂತಿಲ್ಲ. ಒಂದೇ ಛತ್ರದಲ್ಲಿ ಮೀನಿನ ಹುಳುವೂ ಮನುಷ್ಯನ ಹುಳುವೂ ತಂಗುತ್ತವೆ.

ಅವರು ಮಾಡಿದ ಇನ್ನೊಂದು ಪ್ರಯೋಗವನ್ನು ಇಲ್ಲಿ ಮರೆಯಬಾರದು. ನಾರುಹುಳುವಿನ ಮರಿಗಳಿದ್ದ ಸೈಕ್ಲಾಪ್ಸ್‌ಗಳನ್ನು ಅವರು ನಾಯಿಗಳಿಗೆ ಕೊಟ್ಟು ನೋಡಿದರು. ಹುಳುಗಳು ನಾಯಿಯ ದೇಹದಲ್ಲೂ ಬೆಳೆದವು. ಈ ವರದಿ ಪ್ರಕಟವಾದದ್ದೂ 1936ರಲ್ಲೇ.

ನೆಚ್ಚಿದ ಸೂತ್ರ

1980ರ ದಶಕದಲ್ಲಿ ನಾರುಹುಳುವನ್ನು ಭೂಮಿಯಿಂದಲೇ ಅಳಿಸುವ ಯೋಜನೆ ರೂಪುಗೊಂಡಾಗ ತಜ್ಞರ ಕಣ್ಣ ಮುಂದೆ ಸಿಡುಬಿನ ಉದಾಹರಣೆ ಇತ್ತು. ಸಿಡುಬಿಗೆ ಮನುಷ್ಯನ ಹೊರತು ಬೇರೆ ಆಶ್ರಯವಿರಲಿಲ್ಲ. ಮನುಷ್ಯನಲ್ಲಿ ನಿಂತಿತು, ಲೋಕದಲ್ಲೇ ನಿಂತಿತು. ನಾರುಹುಳುವಿನ ವಿಚಾರದಲ್ಲೂ ಇದೇ ಲೆಕ್ಕ. ನಾಯಿಗೆ ಆಗೊಮ್ಮೆ ಈಗೊಮ್ಮೆ ಸೋಂಕು ತಗುಲಿದರೂ ಅದು ಮನುಷ್ಯನಿಂದ ಬಂದದ್ದು, ಮನುಷ್ಯನಲ್ಲಿ ನಿಂತರೆ ನಾಯಿಯಲ್ಲೂ ತಾನಾಗಿ ನಿಲ್ಲುತ್ತದೆ ಎಂದು ಭಾವಿಸಲಾಗಿತ್ತು.

ಭಾರತದಲ್ಲಿ ಆದದ್ದೂ ಹಾಗೆಯೇ. ಮೆಟ್ಟಿಲು ಬಾವಿಗಳನ್ನು ಸುಧಾರಿಸಿದರು, ಕೈಪಂಪುಗಳು ಬಂದವು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದು ಮನೆಮನೆಗೆ ಹೋಗಿ ಹೇಳಲಾಯಿತು. ಸೈಕ್ಲಾಪ್ಸ್ ಕೊಲ್ಲುವ ಟೆಮೆಫಾಸ್ ಔಷಧವನ್ನು ನೀರಿಗೆ ಹಾಕಲಾಯಿತು. ಹುಳು ಹೊರಬೀಳುತ್ತಿರುವ ರೋಗಿ ನೀರಿಗೆ ಇಳಿಯದಂತೆ ನೋಡಿಕೊಂಡರು. 1986ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ರೋಗಿಗಳಿದ್ದರು. 2021ರಿಂದ 2024ರವರೆಗಿನ ಒಂದೊಂದು ವರ್ಷದಲ್ಲೂ ಈ ಸಂಖ್ಯೆ ಹದಿನೈದನ್ನು ಮೀರಲಿಲ್ಲ. ಹದಿನೈದು ಸಾವಿರವಲ್ಲ, ಹದಿನೈದೇ ಮಂದಿ!

ಹಾಗಾದರೆ ಆ ಕೊನೆಯ ಹದಿನೈದು ಸೊನ್ನೆಯಾಗದೆ ಉಳಿದದ್ದೇಕೆ?

ಶಾರಿ ನದಿಯ ಒಗಟು

ಆಫ್ರಿಕಾದ ನಡುವಿನ ಚಾಡ್ ದೇಶದಲ್ಲಿ ಹತ್ತು ವರ್ಷ ಒಂದೂ ಪ್ರಕರಣ ವರದಿಯಾಗಿರಲಿಲ್ಲ. 2010ರಲ್ಲಿ ರೋಗ ಮತ್ತೆ ಕಾಣಿಸಿತು. ಪತ್ತೆಗೆ ಹೋದವರಿಗೆ ಒಂದು ವಿಚಿತ್ರ ಕಂಡಿತು. ಕಲುಷಿತ ಬಾವಿಯಿಂದ ಬರುವ ರೋಗವಾದರೆ ಅದೇ ನೀರು ಕುಡಿದ ಹತ್ತಾರು ಮಂದಿಗೆ ಒಟ್ಟಿಗೆ ತಗುಲಬೇಕು. ಇಲ್ಲಿ ಹಾಗಲ್ಲ. ಶಾರಿ ನದಿಯ ದಂಡೆಯುದ್ದಕ್ಕೂ ಈ ಹಳ್ಳಿಯಲ್ಲಿ ಒಬ್ಬ, ಬಹು ದೂರದ ಆ ಹಳ್ಳಿಯಲ್ಲಿ ಇನ್ನೊಬ್ಬ. ಒಬ್ಬರಿಗೊಬ್ಬರು ಸಂಬಂಧವಿಲ್ಲ.

2012ರಲ್ಲಿ ಇನ್ನೊಂದು ಆಶ್ಚರ್ಯ ಕಾದಿತ್ತು. ಅದೇ ದಂಡೆಯ ಹಳ್ಳಿಗಳ ನಾಯಿಗಳ ಕಾಲಿನಿಂದ ಹುಳುಗಳು ಹೊರಬರುತ್ತಿದ್ದವು. ಒಂದೆರಡು ನಾಯಿಯಲ್ಲ, ಮನುಷ್ಯರಿಗಿಂತ ಎಷ್ಟೋ ಹೆಚ್ಚು. ಅದು ನಾಯಿಯದೇ ಬೇರೆ ಹುಳುವಿರಬಹುದೆ? ವಂಶವಾಹಿಗಳನ್ನು ಹೋಲಿಸಿ ನೋಡಿದರೆ, ಎರಡೂ ಒಂದೇ! 2019ರಲ್ಲಿ ಚಾಡ್ ದೇಶವೊಂದರಲ್ಲೇ 1900ಕ್ಕೂ ಹೆಚ್ಚು ನಾಯಿಗಳಲ್ಲಿ ನಾರುಹುಳು ಕಂಡಿತು. ಬೆಕ್ಕುಗಳಲ್ಲೂ ಸಿಕ್ಕಿತು. ಇಥಿಯೋಪಿಯದಲ್ಲಿ ಬಬೂನ್ ಕೋತಿಗಳಲ್ಲೂ ಸಿಕ್ಕಿತು.

ನಾಯಿ ನೀರು ನೆಕ್ಕಿ ಕುಡಿಯುತ್ತದೆ. ಹಾಗೆ ನೆಕ್ಕುವಾಗ ನೀರು ಅಲುಗಿ ಸೈಕ್ಲಾಪ್ಸ್ ತಪ್ಪಿಸಿಕೊಳ್ಳುವುದೇ ಹೆಚ್ಚು. ಇಷ್ಟೊಂದು ನಾಯಿಗಳಿಗೆ ಸೋಂಕು ಬಂದ ದಾರಿ ಬೇರೆಯೇ ಇರಬೇಕು ಎಂದು ಸಂಶೋಧಕರಿಗೆ ಅನುಮಾನ ಬಂತು. ಬೇಸಗೆಯಲ್ಲಿ ನದಿ ಇಳಿದಾಗ ದಂಡೆಯ ಹೊಂಡಗಳಲ್ಲಿ ಮೀನು ಸಿಕ್ಕಿಕೊಳ್ಳುತ್ತವೆ. ಊರಿಗೆ ಊರೇ ಸೇರಿ ಮೀನು ಹಿಡಿಯುತ್ತದೆ. ಮೀನಿನ ಕರುಳು, ಪುಟ್ಟ ಮೀನು ಎಲ್ಲ ದಂಡೆಯಲ್ಲೇ ಬಿದ್ದಿರುತ್ತವೆ. ನಾಯಿಗಳಿಗೆ ಅದೇ ಹಬ್ಬದೂಟ.

ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಇದನ್ನು ಪರೀಕ್ಷಿಸಿದರು. ಸೋಂಕಿನ ಸೈಕ್ಲಾಪ್ಸ್ ತಿಂದ ಮೀನಿನ ಮೂಲಕ ಮರಿಹುಳು ಮುಂದಿನ ಪ್ರಾಣಿಯ ಹೊಟ್ಟೆ ಸೇರಬಲ್ಲದು ಎಂದು ತಿಳಿಯಿತು. ಕಪ್ಪೆ ಇನ್ನೂ ಭದ್ರವಾದ ಗೂಡು. ಗೊದಮೊಟ್ಟೆ ಸೈಕ್ಲಾಪ್ಸ್ ತಿನ್ನುತ್ತದೆ, ಮರಿಹುಳು ಅದರ ಮಾಂಸದಲ್ಲಿ ಬೆಳೆಯದೆ, ಸಾಯದೆ ಕಾದು ಕುಳಿತಿರುತ್ತದೆ. ಚಾಡ್‌ನ ಕಾಡುಕಪ್ಪೆಯೊಂದರಲ್ಲಿ ಅಂಥ ಮರಿಹುಳು ಸಿಕ್ಕಿದ್ದೂ ಉಂಟು. ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದವರು ಚಾಡ್‌ನ ನಾಯಿಗಳ ಮೀಸೆಯ ಕೂದಲನ್ನು ರಾಸಾಯನಿಕವಾಗಿ ಪರೀಕ್ಷಿಸಿ, ಅವು ಏನು ತಿಂದಿದ್ದವೆಂದು ಲೆಕ್ಕ ಹಾಕಿದರು. ಹೆಚ್ಚು ಮೀನು ತಿನ್ನುವ ನಾಯಿಗಳಲ್ಲೇ ಹುಳುವಿನ ಸೋಂಕೂ ಹೆಚ್ಚು.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಚಿತ್ರದುರ್ಗದಲ್ಲಿ ಮದ್ದಾಗಿದ್ದ ಮೀನು ಚಾಡ್‌ನಲ್ಲಿ ವಿಷವಾದದ್ದು ಹೇಗೆ? ಮೀನು ಎರಡು ಕಡೆಯೂ ಮಾಡಿದ ಕೆಲಸ ಒಂದೇ, ಸೈಕ್ಲಾಪ್ಸ್ ತಿನ್ನುವುದು. ವ್ಯತ್ಯಾಸ ಆಮೇಲಿನದು. ಬಾವಿಗೆ ಬಿಟ್ಟ ಪುಟ್ಟ ಮೀನನ್ನು ಯಾರೂ ಹಸಿಯಾಗಿ ತಿನ್ನುವುದಿಲ್ಲ. ಹುಳುವಿನ ಪ್ರಯಾಣ ಅಲ್ಲಿಗೇ ಮುಗಿಯಿತು. ನದಿಯ ದಂಡೆಯಲ್ಲಿ ಮೀನಿನ ಹಸಿ ಕರುಳು ನಾಯಿಯ ಬಾಯಿ ಸೇರುತ್ತದೆ. ಸರಿಯಾಗಿ ಬೇಯದ ಮೀನು ಆಗೊಮ್ಮೆ ಈಗೊಮ್ಮೆ ಮನುಷ್ಯನ ಬಾಯನ್ನೂ ಸೇರಬಹುದು. ಅಲ್ಲೊಬ್ಬ ಇಲ್ಲೊಬ್ಬ ರೋಗಿ ಕಂಡದ್ದಕ್ಕೆ ಈ ವಿವರಣೆ ಹೊಂದುತ್ತದೆ.

ಕರುಳು ಹೂಳಿ, ನಾಯಿ ಕಟ್ಟಿ

ರೋಗದ ದಾರಿ ತಿಳಿದ ಮೇಲೆ ಉಪಾಯ ಹೊಳೆಯಲು ತಡವಾಗಲಿಲ್ಲ. ಮೀನಿನ ಕರುಳನ್ನು ಗುಂಡಿ ತೋಡಿ ಹೂಳಿರಿ. ಮೀನನ್ನು ಚೆನ್ನಾಗಿ ಬೇಯಿಸಿರಿ. ಹುಳು ಬಿದ್ದ ನಾಯಿಯನ್ನು ನೀರಿಗೆ ಇಳಿಯದಂತೆ ಕಟ್ಟಿಹಾಕಿರಿ. ಹಾಗೆ ಕಟ್ಟಿ ಸುದ್ದಿ ಮುಟ್ಟಿಸಿದವರಿಗೆ ಬಹುಮಾನವೂ ಉಂಟು. 2019ರ ಬಳಿಕ ಚಾಡ್‌ನಲ್ಲಿ ಸೋಂಕಿನ ನಾಯಿಗಳ ಸಂಖ್ಯೆ ಬಹಳವಾಗಿ ಇಳಿಯಿತು. ಕೋಟಿಗಟ್ಟಲೆ ಬೆಲೆಯ ಯಂತ್ರಗಳಿಂದ ಆದದ್ದಲ್ಲ ಇದು. ಗುದ್ದಲಿ, ಸರಪಳಿ, ಒಲೆ, ಇಷ್ಟೇ ಆಯುಧಗಳು. ಆದರೆ ದಿನವಿಡೀ ಅಲೆದು ಅಭ್ಯಾಸವಾದ ನಾಯಿಯನ್ನು ವಾರಗಟ್ಟಲೆ ಕಟ್ಟಿ, ಅದಕ್ಕೆ ಅನ್ನ ನೀರು ಕೊಡುವ ಹೊಣೆ ಬೀಳುವುದು ಆ ಹಳ್ಳಿಯ ಬಡ ಬೆಸ್ತನ ಹೆಗಲ ಮೇಲೆ.

ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1986ರಿಂದ ಈ ಹುಳುವಿನ ವಿರುದ್ಧದ ಹೋರಾಟಕ್ಕೆ ಹೆಗಲು ಕೊಟ್ಟವರು. 2015ರಲ್ಲಿ ತಮಗೆ ಕ್ಯಾನ್ಸರ್ ಇದೆಯೆಂದು ತಿಳಿಸುವಾಗ, ಕೊನೆಯ ನಾರುಹುಳು ತಮಗಿಂತ ಮೊದಲು ಸಾಯಬೇಕೆಂಬ ಆಸೆಯನ್ನು ಹೇಳಿಕೊಂಡಿದ್ದರು. 2024ರ ಡಿಸೆಂಬರ್ 29ರಂದು, ನೂರು ತುಂಬಿದ ಬಳಿಕ ಅವರು ತೀರಿಕೊಂಡರು. ಹುಳು ಇನ್ನೂ ಸತ್ತಿರಲಿಲ್ಲ. 2030ರೊಳಗೆ ಅದನ್ನು ಅಳಿಸುವುದು ವಿಶ್ವ ಆರೋಗ್ಯ ಸಂಸ್ಥೆಯ ಗುರಿ.

ನಾಯಿಯಲ್ಲಿ ಈ ಹುಳು ಬೆಳೆಯಬಲ್ಲದೆಂದು 1936ರಲ್ಲಿ ಮೈಸೂರು ಸಂಸ್ಥಾನದಿಂದ ಬಂದ ವರದಿ ಹೇಳಿತ್ತು. ಅದು ನಿಜಕ್ಕೂ ದೊಡ್ಡ ತೊಡಕೆಂದು ಜಗತ್ತಿಗೆ ಮನವರಿಕೆಯಾದದ್ದು ಚಾಡ್‌ನ ನಾಯಿಗಳು ಕುಂಟತೊಡಗಿದ ಮೇಲೆ. ಮನುಷ್ಯನ ರೋಗ, ಪ್ರಾಣಿಯ ರೋಗ, ಮೀನಿನ ರೋಗ ಎಂದು ಬೇರೆ ಬೇರೆ ಇಲಾಖೆಗಳನ್ನು ಮಾಡಿಕೊಂಡವನು ಮನುಷ್ಯ. ಹುಳುವಿಗೆ ಆ ಗೋಡೆಗಳು ಕಾಣುವುದಿಲ್ಲ. ಅದಕ್ಕೆ ಬೇಕಾದದ್ದು ಒಂದು ಬೆಚ್ಚಗಿನ ದೇಹ, ಒಂದಿಷ್ಟು ನಿಂತ ನೀರು, ಅಷ್ಟೇ.

ವಿಜಯಪುರದ ಹಳ್ಳಿಯ ಅಜ್ಜಿ ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸುವುದನ್ನು ಇಂದಿಗೂ ಬಿಟ್ಟಿರಲಾರಳು. ಮೊಮ್ಮಕ್ಕಳಿಗೆ ಅದು ಹಳೆಯ ಕಾಲದ ರೂಢಿಯಂತೆ ಕಾಣಬಹುದು. ಮೂರಡಿ ಉದ್ದದ ಹುಳುವೊಂದನ್ನು ಒಂದು ದೇಶದಿಂದ ಹೊರಹಾಕಿದ್ದರಲ್ಲಿ ಆ ತುಂಡು ಬಟ್ಟೆಯ ಪಾಲೂ ಇದೆ.