ಹೇರು ಹೊತ್ತವರ ಬಳಗ

ನಾಗಮಂಗಲ ಸೀಮೆಯ ಬಿಂಡಿಗನವಿಲೆಯ ಹೆಸರನ್ನು ಕೇಳಿದೊಡನೆ ಆಸ್ತಿಕರ ನೆನಪಿಗೆ ಬರುವುದು ಅಲ್ಲಿನ ಚೆನ್ನಕೇಶವಸ್ವಾಮಿಯ ಗುಡಿ ಮತ್ತು ಅಲ್ಲಿನ ಗರುಡೋತ್ಸವ. ಆದರೆ ಉತ್ಸವವಾಗಲಿ ಜಾತ್ರೆಯಾಗಲಿ ದೇವರು ಮತ್ತು ಭಕ್ತರು ಇಬ್ಬರಿಂದಲೇ ಆಗತಕ್ಕದ್ದಲ್ಲ. ಅಲ್ಲಿ ಮೂರನೆಯವನೊಬ್ಬನಿರುತ್ತಾನೆ. ಬಳೆಯ ಮಲಾರವನ್ನು ಹೆಗಲಿಗೇರಿಸಿಯೋ, ಕಡಲೆಪುರಿಯ ಮೂಟೆಯನ್ನು ತಲೆಯ ಮೇಲಿಟ್ಟೋ, ಮಕ್ಕಳ ಆಟಿಕೆಗಳನ್ನು ಕೋಲಿಗೆ ಸಿಕ್ಕಿಸಿಕೊಂಡೋ ಅವನು ಬರುತ್ತಾನೆ. ಅವನು ಬಾರದ ಜಾತ್ರೆಗೆ ಕಳೆಯೇ ಇಲ್ಲ. ಹಾಗಿದ್ದರೂ ಅವನನ್ನು ಕುರಿತು ನಾವು ಯೋಚಿಸುವುದು ಅಪರೂಪ. ರಾತ್ರಿ ಅವನು ಎಲ್ಲಿ ಮಲಗುತ್ತಾನೆ? ದಾರಿಯಲ್ಲಿ ಸರಕು ಕಳುವಾದರೆ ಯಾರ ಬಳಿ ದೂರುತ್ತಾನೆ? ಕಂಡರಿಯದ ಊರಿನಲ್ಲಿ ಅವನ ಮಾತನ್ನು ನಂಬುವವರು ಯಾರು?

ಅಂಗಡಿಯವನಿಗೆ ಈ ಚಿಂತೆಯಿಲ್ಲ. ಅವನಿಗೆ ಗೋಡೆಯುಂಟು, ಬಾಗಿಲುಂಟು, ನೆರೆಹೊರೆಯುಂಟು. ಅವನ ತೂಕ ಸುಳ್ಳಾದರೆ ನಾಳೆ ಬಂದು ಕೇಳಬಹುದು. ನಡೆದು ಮಾರುವವನಾದರೋ ಸಂಜೆಗೆ ಇನ್ನೊಂದು ಊರಿನಲ್ಲಿರುತ್ತಾನೆ. ಆದುದರಿಂದಲೇ ಊರಿಗೆ ಬಂದ ಹೊಸಬನನ್ನು ನಮ್ಮ ಹಳ್ಳಿಯ ಹಿರಿಯರು ಮೊದಲು ಕೇಳುವ ಮಾತು “ಏನು ತಂದಿದ್ದೀಯೆ?” ಎಂಬುದಲ್ಲ, “ಯಾವೂರಪ್ಪಾ ನಿಂದು, ಯಾರ ಪೈಕಿ?” ಎಂಬುದು. ಈ ಪ್ರಶ್ನೆಗೆ ಉತ್ತರ ಕೊಡಬಲ್ಲವನಿಗೆ ವ್ಯಾಪಾರ ಕುದುರುತ್ತದೆ. ಕೊಡಲಾರದವನು ಮುಂದಿನ ಊರಿನ ದಾರಿ ಹಿಡಿಯಬೇಕು.

ಅಮೆರಿಕದ ಓಹಿಯೋ ಸಂಸ್ಥಾನದ ಕೊಲಂಬಸ್ ನಗರದಲ್ಲಿ 1888ರಲ್ಲಿ ಊರೂರು ತಿರುಗುವ ಮಾರಾಟಗಾರರು ಸೇರಿ ಒಂದು ಭ್ರಾತೃಸಂಘವನ್ನು ಕಟ್ಟಿದರು. ಅದರ ಹೆಸರು ‘ಯುನೈಟೆಡ್ ಕಮರ್ಷಿಯಲ್ ಟ್ರಾವೆಲರ್ಸ್’. ಮಾದರಿಯ ಪೆಟ್ಟಿಗೆಯನ್ನು ಹಿಡಿದು ರೈಲಿನಿಂದ ರೈಲಿಗೆ ಹತ್ತಿಳಿಯುತ್ತಿದ್ದ ಈ ಜನಕ್ಕೆ ದಾರಿಯಲ್ಲಿ ಅಪಘಾತವಾದರೆ ಹೆಂಡತಿ ಮಕ್ಕಳಿಗೆ ದಿಕ್ಕಿರಲಿಲ್ಲ. ಸಂಘವು ಊರೂರಿನಲ್ಲಿ ಶಾಖೆಗಳನ್ನು ತೆರೆಯಿತು. ಸದಸ್ಯರಿಂದ ಹಣ ಕೂಡಿಸಿ ಅಪಘಾತಕ್ಕೆ ವಿಮೆಯ ಏರ್ಪಾಡು ಮಾಡಿತು. ಮೇಸನ್ ಲಾಡ್ಜುಗಳ ಮಾದರಿಯಲ್ಲಿ ದೀಕ್ಷೆ, ಪ್ರತಿಜ್ಞೆಗಳನ್ನೂ ಇಟ್ಟುಕೊಂಡಿತು. ಹೊಸ ಊರಿಗೆ ಬಂದ ಸದಸ್ಯನಿಗೆ ಅಲ್ಲಿಯೂ ‘ತಮ್ಮವರು’ ಎಂಬವರು ಇರುವಂತಾಯಿತು. ಇದು ಪಶ್ಚಿಮದವರ ಬುದ್ಧಿವಂತಿಕೆಯೆಂದು ಮೆಚ್ಚಿ ಸುಮ್ಮನಾಗುವ ಮೊದಲು ನಮ್ಮ ಕಲ್ಲುಗಳನ್ನು ಒಮ್ಮೆ ಓದಿ ನೋಡುವುದು ಒಳ್ಳೆಯದು. ಇದಕ್ಕೆ ಎಂಟುನೂರು ವರ್ಷಗಳಿಗೂ ಹಿಂದೆಯೇ ಕನ್ನಡ ನಾಡಿನ ಹೇರು ಹೊತ್ತವರು ಇಂಥದೇ ಒಂದು ಬಳಗವನ್ನು ಕಟ್ಟಿ, ಶತಮಾನಗಳ ಕಾಲ ನಡೆಸಿದ್ದರು.

ಅದೇ ‘ಅಯ್ಯಾವೊಳೆ ಐನೂರ್ವರು’. ಅಯ್ಯಾವೊಳೆಯೆಂದರೆ ಈಗಿನ ಬಾಗಲಕೋಟೆ ಜಿಲ್ಲೆಯ ಐಹೊಳೆ. ಇಂದು ಚಾಲುಕ್ಯರ ಗುಡಿಗಳನ್ನು ನೋಡಲು ನಾವು ಹೋಗುವ ಆ ಊರು ಒಂದು ಕಾಲಕ್ಕೆ ನಡೆದಾಡುವ ವರ್ತಕರೆಲ್ಲರ ತವರೂರಾಗಿದ್ದಿತು. ಅಲ್ಲಿನ ಹಳೆಯ ಶಾಸನದಲ್ಲಿ ‘ಐನೂರ್ವರು’ ಎಂದರೆ ಚತುರ್ವೇದಿಗಳಾದ ಮಹಾಜನರು. ಬರಬರುತ್ತ ಆ ಹೆಸರು ದೇಶದೇಶಗಳನ್ನು ಸುತ್ತುವ ವ್ಯಾಪಾರಿಗಳ ಕೂಟಕ್ಕೆ ನಿಂತಿತು. ಐನೂರೆಂಬುದು ಆಮೇಲೆ ತಲೆಯೆಣಿಕೆಯಾಗಿ ಉಳಿಯಲಿಲ್ಲ. ಕುಲನಾಮದಂತೆ ಒಂದು ಹೆಸರಾಯಿತು. ಐಹೊಳೆಯ ಭಗವತಿಯ ಮಕ್ಕಳು ತಾವೆಂದು ಅವರು ಹೇಳಿಕೊಂಡರು. ಒಬ್ಬ ತಾಯಿಯ ಮಕ್ಕಳು ಒಬ್ಬರನ್ನೊಬ್ಬರು ಕೈಬಿಡಲಾಗದು. ಈ ನೆಂಟಸ್ತಿಕೆಯ ಅರ್ಥ ಅದೇ.

ಭಾಷೆಯ ಅಭ್ಯಾಸಿಗೆ ಈ ಬಳಗದ ಹೆಸರುಗಳೇ ಒಂದು ಪಾಠ. ತಮ್ಮ ನಡತೆಯ ಕಟ್ಟಳೆಯನ್ನು ಅವರು ‘ಬಣಂಜುಧರ್ಮ’ವೆಂದು ಕರೆದರು. ಸಂಸ್ಕೃತದ ವಾಣಿಜ್ಯವೇ ಕನ್ನಡದ ಬಾಯಲ್ಲಿ ಬಣಂಜು ಆಯಿತು. ಬಣಜಿಗನೆಂಬ ಮಾತು ಅದರ ಸಂತಾನ. ಶ್ರೇಷ್ಠಿ ಸೆಟ್ಟಿಯಾದನು. ಊರಿನಲ್ಲಿ ನೆಲೆನಿಂತ ವರ್ತಕರ ಕೂಟ ‘ನಕರ’ವಾಯಿತು, ನಾಡುನಾಡುಗಳಿಗೆ ನಡೆದುಹೋಗುವವರು ‘ನಾನಾದೇಸಿ’ಗಳಾದರು. ವರ್ತಕರ ಮುಖಂಡನಿಗೆ ‘ಪಟ್ಟಣಸ್ವಾಮಿ’ ಎಂಬ ಮರ್ಯಾದೆಯ ಹೆಸರು. ಇವರ ಜೊತೆಯಲ್ಲಿಯೇ ಶಾಸನಗಳಲ್ಲಿ ಗವರೆ, ಗಾತ್ರಿಗ, ಮುಮ್ಮುರಿದಂಡ ಎಂಬ ಪಂಗಡಗಳೂ ಕಾಣುತ್ತವೆ.

ಇವರು ಏನನ್ನು ಮಾರುತ್ತಿದ್ದರು, ಹೇಗೆ ಮಾರುತ್ತಿದ್ದರು ಎಂಬುದಕ್ಕೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ 11ನೆಯ ಶತಮಾನದ ಶಾಸನವೊಂದು ಸೊಗಸಾದ ಸಾಕ್ಷಿ. ಚೇರ, ಚೋಳ, ಪಾಂಡ್ಯ ನಾಡುಗಳಿಂದ ಹಿಡಿದು ಮಗಧ, ಸೌರಾಷ್ಟ್ರ, ಪಾರಸ, ನೇಪಾಳಗಳವರೆಗೆ ತಾವು ನಡೆದ ದೇಶಗಳ ಪಟ್ಟಿಯನ್ನು ಅದು ಕೊಡುತ್ತದೆ. ಆನೆ, ಕುದುರೆ, ನೀಲ, ಮುತ್ತು, ಮಾಣಿಕ್ಯ, ವಜ್ರಗಳಿಂದ ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿಗಳವರೆಗೆ ಸರಕಿನ ಪಟ್ಟಿಯೂ ಅಲ್ಲಿದೆ. ನಮ್ಮ ಮಟ್ಟಿಗೆ ಮುಖ್ಯವಾದುದು ಅದರಲ್ಲಿಯೇ ಬರುವ ಇನ್ನೊಂದು ಮಾತು. ಈ ಜನ ಸರಕನ್ನು ಸಗಟಾಗಿಯೂ ಮಾರುವರು, ಹೆಗಲ ಮೇಲೆ ಹೊತ್ತು ತಿರುಗಿಯೂ ಮಾರುವರು. ಕೆಂಪು ಜೂಲು ಹೊದಿಸಿದ ಕತ್ತೆ ಕೋಣಗಳ ಸಾಲಿನೊಡನೆ ಹೋಗುವವನೂ, ಗಂಟು ಹೊತ್ತು ಬಾಗಿಲಿನಿಂದ ಬಾಗಿಲಿಗೆ ನಡೆಯುವವನೂ ಒಂದೇ ಹೊಗಳಿಕೆಯ ಒಳಗೆ ಸೇರಿದ್ದಾರೆ. ಮರಳಿನಲ್ಲಿ ಹಗ್ಗ ಹೊಸೆಯುತ್ತೇವೆ, ಸಿಡಿಲನ್ನು ಹಿಡಿದು ತೋರಿಸುತ್ತೇವೆ ಎಂಬ ರೀತಿಯ ಜಂಬದ ಮಾತುಗಳೂ ಅಲ್ಲಿ ಉಂಟು. ಕಾಡುದಾರಿಯಲ್ಲಿ ಕಳ್ಳರ ಭಯದ ನಡುವೆ ನಡೆಯುವವರಿಗೆ ಅಷ್ಟು ಎದೆಗಾರಿಕೆ ಬೇಕೇ ಬೇಕಾಗಿತ್ತು. ದಾರಿಗಳ್ಳರೊಡನೆ ಕಾದಿ ಸತ್ತ ಸೆಟ್ಟಿಗಳಿಗೆ ನಮ್ಮ ನಾಡಿನಲ್ಲಿ ವೀರಗಲ್ಲುಗಳು ನಿಂತಿರುವುದು ಸುಮ್ಮನೆ ಅಲ್ಲ.

ಬಳಗದ ಕೈ ಎಷ್ಟು ದೂರ ಚಾಚಿತ್ತೆಂಬುದನ್ನು ತಿಳಿಯಲು ಕಡಲನ್ನು ದಾಟಬೇಕು. ಸುಮಾತ್ರಾ ದ್ವೀಪದ ಬಾರೂಸ್ ಕರ್ಪೂರಕ್ಕೆ ಹೆಸರಾದ ಹಳೆಯ ರೇವು. ಅದರ ಬಳಿಯ ಲೋಬು ತುವಾ ಎಂಬಲ್ಲಿ 1088ನೆಯ ಇಸವಿಯ ತಮಿಳು ಶಾಸನವೊಂದು ದೊರೆತಿದೆ. ಅದನ್ನು ಹಾಕಿಸಿದವರು ಇದೇ ಐನೂರ್ವರ ತಮಿಳು ನಾಡಿನ ಬಂಧುಗಳು. ಅಲ್ಲಿಗೆ ಬರುವ ಹಡಗಿನ ಒಡೆಯನೂ ನಾವಿಕರೂ ಕಸ್ತೂರಿಯ ಬೆಲೆಯ ಲೆಕ್ಕದಲ್ಲಿ ಇಷ್ಟು ಚಿನ್ನವನ್ನು ಬಳಗಕ್ಕೆ ಸಲ್ಲಿಸಿಯೇ ಒಳಗೆ ಕಾಲಿಡತಕ್ಕದ್ದೆಂದು ಅದು ವಿಧಿಸುತ್ತದೆ. ಬರ್ಮಾ ದೇಶದ ಪಗಾನಿನಲ್ಲಿ 13ನೆಯ ಶತಮಾನಕ್ಕೆ ನಾನಾದೇಸಿಗಳ ಹೆಸರಿನದೇ ಒಂದು ವಿಷ್ಣುದೇವಾಲಯವಿತ್ತು. ಅದಕ್ಕೆ ದಾನ ಮಾಡಿದವನು ಮಲೆಯಾಳ ದೇಶದ ವರ್ತಕ. ಐಹೊಳೆಯ ಹೆಸರಿನಲ್ಲಿ ಕನ್ನಡಿಗ, ತಮಿಳ, ಮಲೆಯಾಳಿಗಳು ಒಬ್ಬರನ್ನೊಬ್ಬರು ‘ತಮ್ಮವ’ನೆಂದು ಗುರುತಿಸಿಕೊಂಡರು.

ಸುಮಾತ್ರಾ ದೂರವಾಯಿತು, ನಮ್ಮ ಸೀಮೆಗೆ ಮರಳೋಣ. ಬಿಂಡಿಗನವಿಲೆಯಿಂದ ಒಂದು ಹಗಲಿನ ನಡಿಗೆಗೆ ಶ್ರವಣಬೆಳಗೊಳ. ಬೆಟ್ಟ ಹತ್ತಿ ಗೊಮ್ಮಟನನ್ನು ನೋಡಿ ಇಳಿಯುವ ಯಾತ್ರಿಕರಲ್ಲಿ ಎಷ್ಟೋ ಮಂದಿ ಊರೊಳಗಿನ ಒಂದು ಸಣ್ಣ ಬಸದಿಯನ್ನು ನೋಡದೆಯೇ ಹೋಗುತ್ತಾರೆ. ಅದರ ಹೆಸರು ನಗರ ಜಿನಾಲಯ. ನಗರವೆಂದರೆ ಇಲ್ಲಿ ಪಟ್ಟಣವಲ್ಲ. ಮೇಲೆ ಹೇಳಿದ ನಕರ, ವರ್ತಕರ ಕೂಟ. ಹೊಯ್ಸಳ ಎರಡನೆಯ ವೀರಬಲ್ಲಾಳನ ಕಾಲದಲ್ಲಿ, 12ನೆಯ ಶತಮಾನದ ಕೊನೆಯ ಭಾಗದಲ್ಲಿ, ಪಟ್ಟಣಸ್ವಾಮಿ ನಾಗದೇವನು ಅದನ್ನು ಕಟ್ಟಿಸಿದನು. ಅದನ್ನು ಕಾಪಾಡುವ ಹೊಣೆಯನ್ನು ಬೆಳಗೊಳದ ವರ್ತಕರು ಹೊತ್ತರು. ಆ ವರ್ತಕರು ಖಂಡಳಿ, ಮೂಲಭದ್ರ ವಂಶದವರೆಂದು ಶಾಸನ ಹೇಳುತ್ತದೆ. ಐನೂರ್ವರು ತಮ್ಮ ವಂಶವನ್ನು ಹೇಳಿಕೊಳ್ಳುವುದೂ ಇವೇ ಹೆಸರುಗಳಿಂದ.

ಅದೇ ಬೆಳಗೊಳದ ರತ್ನವರ್ತಕರೆಲ್ಲ 13ನೆಯ ಶತಮಾನದಲ್ಲಿ ಒಂದೆಡೆ ಸೇರಿ ಒಂದು ಒಡಂಬಡಿಕೆ ಮಾಡಿಕೊಂಡರು. ತಮ್ಮ ಆದಾಯದಲ್ಲಿ ಗೊತ್ತಾದ ಒಂದು ಪಾಲನ್ನು ಈ ಜಿನಾಲಯದ ಜೀರ್ಣೋದ್ಧಾರಕ್ಕೆ ಕೊಡತಕ್ಕದ್ದು. ಆದಾಯವನ್ನು ಮುಚ್ಚಿಟ್ಟವನು ದೇವರಿಗೂ ಅರಸನಿಗೂ ದ್ರೋಹಿ, ಅವನ ಸಂತಾನ ನಿಲ್ಲದಿರಲಿ. ಹಾಸನದ ಸಮೀಪದ ಮೊಸಳೆಯ ಬಸವಿಸೆಟ್ಟಿ ಗೊಮ್ಮಟನ ಸುತ್ತಾಲಯದಲ್ಲಿ 24 ತೀರ್ಥಂಕರರನ್ನು ಪ್ರತಿಷ್ಠೆ ಮಾಡಿಸಿದಾಗ ಆ ಊರಿನ ವರ್ತಕರು ಪೂಜೆಗೆಂದು ವರ್ಷವರ್ಷವೂ ಇಷ್ಟಿಷ್ಟು ಹಣ ಕೊಡುವುದಾಗಿ ಒಪ್ಪಿ, ಪ್ರತಿಯೊಬ್ಬರ ಹೆಸರನ್ನೂ ಮೊಬಲಗನ್ನೂ ಕಲ್ಲಿನ ಮೇಲೆ ಬರೆಯಿಸಿದರು. ಇಂದು ಗಣಪತಿ ಹಬ್ಬಕ್ಕೆ ಬೀದಿಯ ಹುಡುಗರು ಹಿಡಿದು ಬರುವ ಚಂದಾಪಟ್ಟಿಯನ್ನು ನೆನೆಯಿರಿ. ಅದೇ ಪಟ್ಟಿ, ಕಾಗದದ ಬದಲು ಕಲ್ಲು. ಈ ಶಾಸನಗಳನ್ನು ಮೊದಲು ಸಂಗ್ರಹಿಸಿ 1889ರಲ್ಲಿ ಅಚ್ಚು ಹಾಕಿಸಿದ ರೈಸ್ ಸಾಹೇಬರಿಗೂ, 1923ರಲ್ಲಿ ಅವುಗಳನ್ನು ಪರಿಷ್ಕರಿಸಿ ಹೆಚ್ಚಿಸಿದ ಆರ್. ನರಸಿಂಹಾಚಾರ್ಯರಿಗೂ ನಾವು ಋಣಿಗಳು. ಅರಸರ ಕದನಗಳನ್ನು ಹುಡುಕುತ್ತ ಹೋದವರ ಕೈಗೆ ಸೆಟ್ಟಿಗಳ ಲೆಕ್ಕವೂ ಸಿಕ್ಕಿತು.

ದೇವರಿಗೆ ಕೊಡುವ ಈ ಪಾಲಿನಿಂದ ವ್ಯಾಪಾರಿಗೆ ಏನು ಸಿಕ್ಕಿತು ಎಂದು ಕೇಳಬಹುದು. ಪುಣ್ಯ ಸಿಕ್ಕಿತು, ಸರಿ. ಅದರ ಜೊತೆಗೆ ಗುರುತು ಸಿಕ್ಕಿತು. ಕಲ್ಲಿನ ಮೇಲೆ ಹೆಸರಿರುವವನು ಓಡಿಹೋಗುವವನಲ್ಲ. ಎಲ್ಲರ ಕಣ್ಣೆದುರಿಗೆ ಪಾಲು ಸಲ್ಲಿಸಿದವನ ತಕ್ಕಡಿಯನ್ನು ಊರು ನಂಬಬಹುದು. ಆತನಿಗೆ ಅನ್ಯಾಯವಾದರೆ ಕೇಳುವವರಿದ್ದಾರೆ. ಆತನೇ ಅನ್ಯಾಯ ಮಾಡಿದರೆ ಹೇಳಿಕೊಳ್ಳಲು ಒಂದು ಸ್ಥಳವೂ ಇದೆ. ‘ಯಾರ ಪೈಕಿ?’ ಎಂಬ ಪ್ರಶ್ನೆಗೆ ಅವನ ಪರವಾಗಿ ಒಂದು ಬಳಗವೇ ಉತ್ತರ ಹೇಳುತ್ತಿತ್ತು.

ಹಾಗೆಂದು ಅದನ್ನು ಸ್ವರ್ಗವೆಂದು ತಿಳಿಯಬೇಕಾಗಿಲ್ಲ. ಅರಸರ ಕಾಳಗಗಳಿಗೆ ಕುದುರೆ ಆನೆಗಳನ್ನು ಒದಗಿಸಿ ಶ್ರೀಮಂತರಾದವರು ಈ ವರ್ತಕರಲ್ಲಿಯೇ ಇದ್ದರು. ದೊಡ್ಡ ಸೆಟ್ಟಿಯ ಹೆಸರು ಕಲ್ಲಿನ ಮೇಲೆ ಉಳಿಯಿತು. ಹೆಗಲ ಮೇಲೆ ಹೊತ್ತು ಮಾರಿದವನಿಗೆ ಹೊಗಳಿಕೆಯಲ್ಲಿ ಸ್ಥಾನ ಸಿಕ್ಕಿತಲ್ಲದೆ ಅವನ ಹೆಸರು ನಮಗೆ ತಿಳಿಯುವುದು ಅಪರೂಪ. ಬಳಗದ ಒಳಗಿದ್ದವನಿಗೆ ನೆರಳು. ಹೊರಗಿದ್ದವನಿಗೆ ಅದೇ ಬಿಸಿಲು.

1311ರಲ್ಲಿ ದೆಹಲಿಯ ಸೈನ್ಯ ದೋರಸಮುದ್ರದವರೆಗೆ ಬಂದಿತು. ಹೊಯ್ಸಳರ ಆಳಿಕೆ ಕುಸಿಯಿತು, ಹಳೆಯ ಪಟ್ಟಣಗಳು ಬಡವಾದವು. ವಿಜಯನಗರದ ಕಾಲದಲ್ಲಿಯೂ ನಾನಾದೇಸಿಗಳ ಹೆಸರು ಶಾಸನಗಳಲ್ಲಿ ಬರುತ್ತದೆ, ಆದರೆ ಹಿಂದಿನ ಬಲ ಕಾಣುವುದಿಲ್ಲ. ಬರಬರುತ್ತ ಬಳಗ ಕರಗಿತು. ಸೆಟ್ಟಿ, ಬಣಜಿಗ ಎಂಬ ಹೆಸರುಗಳು ಜಾತಿಗಳ ಹೆಸರಾಗಿ ಉಳಿದವು. ವೃತ್ತಿಯ ಕೂಟವಾಗಿದ್ದುದು ಹುಟ್ಟಿನ ಗುರುತಾಯಿತು.

ನಡೆದು ಮಾರುವವರು ಮಾತ್ರ ಇಲ್ಲವಾಗಲಿಲ್ಲ. ಔಷಧಿಯ ಚೀಲ ಹಿಡಿದು ವೈದ್ಯರ ಬಾಗಿಲಲ್ಲಿ ಕಾಯುವ ಪ್ರತಿನಿಧಿಗಳು 1963ರಲ್ಲಿ ಅಖಿಲ ಭಾರತ ಒಕ್ಕೂಟವೊಂದನ್ನು ಕಟ್ಟಿಕೊಂಡರು. ಮಾರಾಟ ವೃದ್ಧಿಯ ನೌಕರರಿಗೆಂದೇ 1976ರಲ್ಲಿ ಒಂದು ಕಾಯ್ದೆ ಬಂದಿತು. ಈಗ ನಮ್ಮ ನಗರಗಳಲ್ಲಿ ಇನ್ನೊಂದು ಜನ ಕಾಣುತ್ತಾರೆ. ಬೆನ್ನಿಗೆ ಚೌಕದ ಚೀಲ, ಕೈಯಲ್ಲಿ ಮೊಬೈಲು, ಸ್ಕೂಟರಿನ ಮೇಲೆ ಧಾವಂತ. ಗಿರಾಕಿ ಬೇರೆ, ಸರಕು ಬೇರೆಯವರದು, ಒಡೆಯನ ಮುಖ ಅವರು ಕಂಡಿಲ್ಲ. ಇವರಿಗಾಗಿ ಕರ್ನಾಟಕ ಸರ್ಕಾರವು 2025ರಲ್ಲಿ ಒಂದು ಶಾಸನವನ್ನೇ ಮಾಡಿತು. ಪ್ರತಿಯೊಂದು ವಹಿವಾಟಿನಲ್ಲಿಯೂ ದುಡಿಯುವವನಿಗೆ ಸಲ್ಲುವ ಹಣದ ಲೆಕ್ಕದ ಮೇಲೆ ನೂರಕ್ಕೆ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ವಸೂಲು ಮಾಡಿ ಒಂದು ನಿಧಿಗೆ ಸೇರಿಸತಕ್ಕದ್ದು. ನೋಡಿಕೊಳ್ಳಲು ಒಂದು ಮಂಡಳಿ. ಅದರಲ್ಲಿ ದುಡಿಯುವವರ ಪ್ರತಿನಿಧಿಗಳೂ ಇರಬೇಕು.

ಬೆಳಗೊಳದ ಕಲ್ಲನ್ನು ಓದಿದವನಿಗೆ ಈ ನಿಯಮ ಹೊಸದಾಗಿ ತೋರುವುದಿಲ್ಲ. ಗಳಿಕೆಯಲ್ಲಿ ಇಷ್ಟು ಪಾಲು, ಮುಚ್ಚಿಟ್ಟರೆ ದಂಡನೆ. ಅಂದು ಶಾಪ, ಇಂದು ಜುಲ್ಮಾನೆ. ಒಂದು ಅಂತರ ಮಾತ್ರ ಗಮನಿಸತಕ್ಕದ್ದು. ಅಂದು ಪಾಲು ಎಷ್ಟೆಂದು ಗೊತ್ತು ಮಾಡಿದವರು ಕೊಡುವವರೇ. ಅವರು ಒಂದೆಡೆ ಕುಳಿತು ಮಾತನಾಡಲು ಒಂದು ಗುಡಿಯ ಅಂಗಳವಿತ್ತು. ಇಂದಿನ ಹುಡುಗರು ಒಂದೇ ಹೋಟೆಲಿನ ಮುಂದೆ ಹತ್ತು ನಿಮಿಷ ನಿಂತಿದ್ದರೂ ಒಬ್ಬರ ಹೆಸರನ್ನು ಒಬ್ಬರು ಕೇಳುವ ಮೊದಲೇ ಮೊಬೈಲು ಕೂಗುತ್ತದೆ. ನಿಧಿಯನ್ನು ಸರ್ಕಾರ ಕೂಡಿಸಬಲ್ಲದು. ಬಳಗವನ್ನು ಅವರೇ ಕಟ್ಟಿಕೊಳ್ಳಬೇಕು. ಕುಳಿತುಕೊಳ್ಳಲು ಅವರಿಗೊಂದು ಜಗಲಿಯನ್ನೂ ಒಂದು ಲೋಟ ನೀರನ್ನೂ ಒದಗಿಸುವುದು ಮಾತ್ರ, ಬಾಗಿಲ ಈಚೆ ನಿಂತು ಪೊಟ್ಟಣವನ್ನು ಕೈಗೆ ತೆಗೆದುಕೊಳ್ಳುವ ನಮ್ಮ ನಿಮ್ಮ ಕೈಲಿ ಆಗದ ಕೆಲಸವೇನಲ್ಲ.