ಕಲಾವಿದರ ಕೂಟ: ಸೇತುವೆಯೋ, ಬೇಲಿಯೋ?

ಕಲಾಸೃಷ್ಟಿಗೆ ಏಕಾಂತ ಬೇಕೆಂಬುದು ನಿರ್ವಿವಾದ. ಆದರೆ ಯಾರೂ ತುಳಿಯದ ಹಾದಿಯನ್ನು ಹಿಡಿದವನಿಗೆ ಏಕಾಂತವೊಂದೇ ಸಾಲದು. ಸಮಾನಮನಸ್ಕರ ಸಹವಾಸವೂ ಬೇಕು. ಪ್ರಥಮ ಮಹಾಯುದ್ಧಕ್ಕೆ ಮುನ್ನ ಜರ್ಮನಿಯಲ್ಲಿ ತಲೆಯೆತ್ತಿದ ಚಿತ್ರಕಾರರ ಕೂಟಗಳು ಇದಕ್ಕೆ ನಿದರ್ಶನ. ಕೂಟವು ಕಲೆಗೆ ಯಾವಾಗ ಆಸರೆ, ಯಾವಾಗ ಸಂಕೋಲೆ ಎಂಬುದನ್ನೂ ಅವುಗಳ ಚರಿತ್ರೆಯೇ ತಿಳಿಸುತ್ತದೆ.

1905ರ ಜೂನ್ 7ರಂದು ಡ್ರೆಸ್ಡೆನ್ ನಗರದಲ್ಲಿ ಕಿರ್ಷ್ನರ್, ಬ್ಲೈಲ್, ಹೆಕೆಲ್, ಶ್ಮಿಟ್-ರೊಟ್ಲುಫ್ ಎಂಬ ನಾಲ್ವರು ತರುಣರು ಒಂದು ಕೂಟವನ್ನು ಕಟ್ಟಿದರು. ನಾಲ್ವರೂ ವಾಸ್ತುಶಿಲ್ಪದ ವಿದ್ಯಾರ್ಥಿಗಳು. ಕೂಟದ ಹೆಸರು 'ಬ್ರೂಕೆ', ಎಂದರೆ ಸೇತುವೆ. ಶ್ರಮಿಕರ ಬಡಾವಣೆಯಲ್ಲಿ ಬಾಡಿಗೆಗೆ ಹಿಡಿದ ಅಂಗಡಿಯ ಕೋಣೆಯೇ ಅವರ ಚಿತ್ರಶಾಲೆಯಾಯಿತು. 1906ರಲ್ಲಿ ತಮ್ಮ ಧ್ಯೇಯವಾಕ್ಯವನ್ನು ಮರದ ಹಲಗೆಯಲ್ಲಿ ಕೊರೆದು ಅಚ್ಚೊತ್ತಿ ಪ್ರಕಟಿಸಿದರು. ಚಿತ್ರ ಬರೆಯಲಾರದ ಸಹೃದಯರಿಗೂ ಕೂಟದಲ್ಲಿ ಸ್ಥಾನವಿತ್ತು. ಅವರು ವಾರ್ಷಿಕ ವಂತಿಗೆ ಸಲ್ಲಿಸುತ್ತಿದ್ದರು. ಪ್ರತಿಯಾಗಿ ವರ್ಷಕ್ಕೊಮ್ಮೆ ಕಲಾವಿದರ ಮೂಲ ಅಚ್ಚುಚಿತ್ರಗಳ ಸಂಪುಟ ಅವರ ಕೈಸೇರುತ್ತಿತ್ತು. ಕೊಟ್ಟವರು ಒಡೆಯರಾಗಲಿಲ್ಲ, ಪಡೆದವರು ಆಶ್ರಿತರಾಗಲಿಲ್ಲ. ಪೋಷಣೆಗೆ ಇದಕ್ಕಿಂತ ಗೌರವದ ಮಾರ್ಗ ದುರ್ಲಭ.

ಮ್ಯೂನಿಕ್ ನಗರದ ಕಥೆ ಬೇರೆ. 1909ರಲ್ಲಿ ಅಲ್ಲಿ ಸ್ಥಾಪಿತವಾದ ನೂತನ ಕಲಾವಿದರ ಸಂಘಕ್ಕೆ ಕ್ಯಾಂಡಿನ್ಸ್ಕಿ ಪ್ರಥಮಾಧ್ಯಕ್ಷ. 1911ರ ಡಿಸೆಂಬರಿನಲ್ಲಿ ಅದೇ ಸಂಘವು ಅಳತೆಯ ನಿಯಮವನ್ನು ಮುಂದುಮಾಡಿ ಆತನ ಬೃಹತ್ ಚಿತ್ರವೊಂದನ್ನು ನಿರಾಕರಿಸಿತು. ಹೊಸತನಕ್ಕಾಗಿ ಹುಟ್ಟಿದ ಸಂಘ ಕಲೆಯನ್ನು ಮೊಳಗೋಲಿನಿಂದ ಅಳೆಯತೊಡಗಿದರೆ ಅದಕ್ಕೆ ಆಯುಸ್ಸು ಎಲ್ಲಿಯದು? ಕ್ಯಾಂಡಿನ್ಸ್ಕಿ, ಫ್ರಾಂಜ್ ಮಾರ್ಕ್ ಮೊದಲಾದವರು ಹೊರನಡೆದು, ಅದೇ ತಿಂಗಳ 18ರಂದು 'ನೀಲಿ ಸವಾರ' ಎಂಬ ಹೆಸರಿನಲ್ಲಿ ತಮ್ಮದೇ ಪ್ರದರ್ಶನವನ್ನು ಏರ್ಪಡಿಸಿದರು. ಒಂದೇ ಶೈಲಿಗೆ ಎಲ್ಲರೂ ಕಟ್ಟುಬೀಳಬೇಕೆಂಬ ನಿರ್ಬಂಧ ಅಲ್ಲಿರಲಿಲ್ಲ.

'ಸೇತುವೆ'ಯೂ ಈ ದೋಷದಿಂದ ಪಾರಾಗಲಿಲ್ಲ. 1912ರಲ್ಲಿ ಪೆಖ್‌ಸ್ಟೈನ್ ಬರ್ಲಿನ್ನಿನ ಇನ್ನೊಂದು ಸಂಘದೊಡನೆ ಚಿತ್ರಗಳನ್ನು ಪ್ರದರ್ಶಿಸಿದನೆಂದು ಅವನನ್ನು ಹೊರಗಟ್ಟಿತು. 1913ರಲ್ಲಿ ಕಿರ್ಷ್ನರ್ ಕೂಟದ ಚರಿತ್ರೆಯನ್ನು ಬರೆದು ತನ್ನ ಪಾತ್ರವನ್ನೇ ಹಿರಿದಾಗಿಸಿದನೆಂದು ಉಳಿದವರು ಮುನಿದರು, ಕೂಟ ಮುರಿಯಿತು. ಮರುವರ್ಷವೇ ಯುದ್ಧ. 'ನೀಲಿ ಸವಾರ'ದ ಒಡನಾಡಿಗಳಲ್ಲಿ ಮಾಕೆ 1914ರಲ್ಲಿ, ಮಾರ್ಕ್ 1916ರಲ್ಲಿ ರಣರಂಗದಲ್ಲಿ ಮಡಿದರು.

ಅಲ್ಪಾಯುಗಳಾದ ಈ ಕೂಟಗಳು ವ್ಯರ್ಥವಾದವೆನ್ನುವುದು ಸಲ್ಲದು. ಒಂಟಿಯಾಗಿದ್ದರೆ ಎದೆಗುಂದಬಹುದಾಗಿದ್ದ ತರುಣರಿಗೆ ಅವು ಧೈರ್ಯವನ್ನಿತ್ತವು. ಅವರ ಚಿತ್ರಗಳು ಇಂದಿಗೂ ಉಳಿದಿವೆ. ಸಂಸ್ಥೆಯ ಸಾರ್ಥಕತೆಯನ್ನು ಅದು ಬಾಳಿದ ವರ್ಷಗಳಿಂದ ಎಣಿಸಲಾಗದು. ಅದರ ಆಶ್ರಯದಲ್ಲಿ ಅರಳಿದ ಪ್ರತಿಭೆಯೇ ಅದಕ್ಕೆ ಪ್ರಮಾಣ. ಕೂಟವು ದಾಟಿಸುವ ಸೇತುವೆಯಾಗಲಿ, ತಡೆಯುವ ಬೇಲಿಯಾಗದಿರಲಿ.